ಯೋಜನೆಯ ಹೆಸರು ಬದಲಾದಾಗ ದಸ್ತಾವೇಜನ್ನು ಬದಲಿಸಿದ ಬಗೆ: ನನ್ನ ಅನುಭವ

ಮುಕ್ತ ತಂತ್ರಾಂಶ ಯೋಜನೆಯೊಂದರ ಹೆಸರನ್ನು ಅದರ ಡೆವಲಪರ್ ದಸ್ತಾವೇಜಿನ ಉದ್ದಗಲಕ್ಕೂ ಬದಲಿಸುವುದು, ಪಠ್ಯವನ್ನು ಹುಡುಕಿ ಬದಲಿಸುವ ಸೆಡ್ ಎಂಬ ಉಪಕರಣದ ಒಂದು ಸಾಲಿನ ಕೆಲಸವೆಂದು ನಮ್ಮ ತಂಡದ ಅರ್ಧದಷ್ಟು ಜನ ನಂಬಿದ್ದರು. ಉಳಿದವರು, ಅದನ್ನು ಪುಟಪುಟವಾಗಿ ಕೈಯಿಂದಲೇ ಮಾಡಬೇಕು, ವರ್ಷ ಕಳೆದರೂ ಮುಗಿಯದು ಎನ್ನುತ್ತಿದ್ದರು. ನಾನು ಹೇಳಿದ ಮೂರನೆಯ ದಾರಿಯಲ್ಲಿ ಇಬ್ಬರಿಗೂ ನಂಬಿಕೆ ಇರಲಿಲ್ಲ. ಈಗ ಸುಮಾರು 600 ಪುಟಗಳ ಇಂಗ್ಲಿಷ್ ದಸ್ತಾವೇಜೂ ಅದರ ಮುಕ್ಕಾಲು ಪಾಲಿನಷ್ಟಿರುವ ಕನ್ನಡ ಅನುವಾದವೂ ಹೊಸ ಹೆಸರಿನಲ್ಲಿ ಪ್ರಕಟವಾಗಿವೆ. ಕೆಲಸ ಮೂರು ತಿಂಗಳ ಆಸುಪಾಸಿನಲ್ಲಿ ಮುಗಿಯಿತು. ಇದೇ ಕೆಲಸಕ್ಕೆ ಕೈಹಾಕಲಿರುವವರಿಗೆ ನೆರವಾಗಲೆಂದು ನೆನಪಿನಲ್ಲಿರುವಷ್ಟನ್ನು ಬರೆಯುತ್ತಿದ್ದೇನೆ.

ನಮ್ಮದು ದತ್ತಾಂಶ ವರ್ಗಾವಣೆಗೆ ಬಳಸುವ ಪೈಥಾನ್ ಲೈಬ್ರರಿ. ಹಳೆಯ ಹೆಸರು ತಮ್ಮ ವಾಣಿಜ್ಯ ಚಿಹ್ನೆಗೆ ಹತ್ತಿರವಾಗಿದೆ ಎಂದು ಒಂದು ಕಂಪನಿಯಿಂದ ವಕೀಲರ ಪತ್ರ ಬಂದಿತು. ಮಾಡಿಕೊಂಡ ಒಪ್ಪಂದದ ಪ್ರಕಾರ ಆ ಹೆಸರನ್ನು ನಾನು ಹೊಸ ಬರಹಗಳಲ್ಲಿ ಬಳಸುವಂತಿಲ್ಲ. ಆದ್ದರಿಂದ ಉದಾಹರಣೆ ಬೇಕಾದ ಕಡೆ ಎಲ್ಲರಿಗೂ ತಿಳಿದ ಬೇರೆ ಯೋಜನೆಗಳ ಹೆಸರುಗಳನ್ನು ತೆಗೆದುಕೊಳ್ಳುತ್ತೇನೆ. ಇಷ್ಟು ಮಾತ್ರ ಹೇಳಬಹುದು: ಹಳೆಯ ಹೆಸರು ಇಂಗ್ಲಿಷಿನ ದಿನಬಳಕೆಯ ಪದವೂ ಆಗಿತ್ತು, ವ್ಯಂಜನದಲ್ಲಿ ಕೊನೆಯಾಗುತ್ತಿತ್ತು, ಹೊಸದು ಉಕಾರದಲ್ಲಿ ಕೊನೆಯಾಗುತ್ತದೆ. ಕಷ್ಟಗಳಲ್ಲಿ ಹೆಚ್ಚಿನವು ಈ ಎರಡು ಸಂಗತಿಗಳಿಂದಲೇ ಹುಟ್ಟಿದವು.

ಮೊದಲ ಪ್ರಯತ್ನವನ್ನು ನಡೆಸಿದವರು ಸೆಡ್ ಪಕ್ಷದವರು. ಒಂದು ಪ್ರತ್ಯೇಕ ಬ್ರಾಂಚ್‌ನಲ್ಲಿ (ಮೂಲದಿಂದ ಬೇರೆಯಾಗಿಟ್ಟ ಪ್ರತಿ) ಸಣ್ಣಕ್ಷರ, ದೊಡ್ಡಕ್ಷರ, ಕ್ಯಾಮೆಲ್ ಕೇಸ್ (ನಡುವೆ ದೊಡ್ಡಕ್ಷರ ಬರುವ ರೂಪ), ಅಡಿಗೆರೆಯ ರೂಪ ಎಲ್ಲವನ್ನೂ ಒಂದೇ ಏಟಿಗೆ ಬದಲಿಸಿದರು. ಬಿಲ್ಡ್, ಅಂದರೆ ಕಡತಗಳಿಂದ ಪುಟಗಳನ್ನು ತಯಾರಿಸುವ ಹಂತ, ಒಂದು ಎಚ್ಚರಿಕೆಯನ್ನೂ ತೋರದೆ ಮುಗಿಯಿತು, ಸಂಭ್ರಮವೂ ಆಯಿತು. ಆದರೆ ಪುಟಗಳನ್ನು ತೆರೆದು ಓದಿದಾಗ ಹಳೆಯ ಪದ ಸಾಮಾನ್ಯ ನಾಮಪದವಾಗಿ ಬಂದಿದ್ದ ನೂರಾರು ವಾಕ್ಯಗಳು ಅರ್ಥ ಕಳೆದುಕೊಂಡಿದ್ದವು. 2019ರ ಬಿಡುಗಡೆ ಟಿಪ್ಪಣಿಗಳಲ್ಲಿ ಆಗ ಹುಟ್ಟಿಯೇ ಇರದ ಹೆಸರು ಕುಳಿತಿತ್ತು. ಕೃತಿಸ್ವಾಮ್ಯದ ಸಾಲುಗಳೂ ಬದಲಾಗಿದ್ದವು. ಕೋಡ್‌ನಲ್ಲಿ ಇನ್ನೂ ಬದಲಾಗದ ಪರಿಸರ ಚರಾಂಕಗಳು (ತಂತ್ರಾಂಶ ಹೊರಗಿನಿಂದ ಓದಿಕೊಳ್ಳುವ ಸೆಟ್ಟಿಂಗ್‌ಗಳು) ದಸ್ತಾವೇಜಿನಲ್ಲಿ ಮಾತ್ರ ಹೊಸ ಹೆಸರಿನಲ್ಲಿದ್ದುದರಿಂದ, ಅದನ್ನು ನಂಬಿ ಕೆಲಸ ಮಾಡುವವರ ವ್ಯವಸ್ಥೆಯೇ ನಡೆಯುತ್ತಿರಲಿಲ್ಲ. ಆ ಬ್ರಾಂಚ್ ಅಲ್ಲಿಗೇ ನಿಂತಿತು.

ಎರಡನೆಯ ಪ್ರಯತ್ನ ಇದಕ್ಕಿಂತ ಸೊಗಸಾಗಿ ಕಾಣುತ್ತಿತ್ತು: ಹೆಸರನ್ನು ಎಲ್ಲಿಯೂ ಬರೆಯದೆ, ದಸ್ತಾವೇಜು ತಯಾರಿಸುವ ಸ್ಫಿಂಕ್ಸ್ ಉಪಕರಣದ ಸಬ್‌ಸ್ಟಿಟ್ಯೂಶನ್ ಆಗಿ (ಲಂಬಗೆರೆಗಳ ನಡುವೆ ಬರೆದ ಗುರುತಿನ ಜಾಗದಲ್ಲಿ ಬಿಲ್ಡ್ ಹೊತ್ತಿಗೆ ಹೆಸರು ಬರುವಂತೆ) ಒಂದೇ ಕಡೆ ಘೋಷಿಸುವುದು. ಸ್ಫಿಂಕ್ಸ್‌ಗಾಗಿ ಬರೆಯುವ ರೂಪವಾದ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಬಲ್ಲವರಿಗೆ ಇದರ ಮಿತಿ ತಿಳಿದದ್ದೇ. ಕೋಡ್ ಬ್ಲಾಕ್‌ಗಳ ಒಳಗೆ ಅದು ಕೆಲಸ ಮಾಡುವುದಿಲ್ಲ. ಅದು ಕೆಲಸ ಮಾಡುವ ಪಾರ್ಸ್ಡ್ ಲಿಟರಲ್ ಎಂಬ ಬ್ಲಾಕ್ ಬಳಸಿದರೆ ಕೋಡ್‌ನ ಬಣ್ಣದ ಗುರುತುಗಳು ಹೋಗುತ್ತವೆ. ಕನ್ನಡದಲ್ಲಿ ತೊಡಕು ಇನ್ನೂ ದೊಡ್ಡದು. ಸಬ್‌ಸ್ಟಿಟ್ಯೂಶನ್‌ನ ಕೊನೆಯ ಲಂಬಗೆರೆಯ ನಂತರ ಖಾಲಿ ಜಾಗವೋ ವಿರಾಮ ಚಿಹ್ನೆಯೋ ಇರಲೇಬೇಕು. ನಮ್ಮ ವಿಭಕ್ತಿ ಪ್ರತ್ಯಯಗಳು ಹೆಸರಿಗೆ ಅಂಟಿಕೊಂಡೇ ಬರುವುದರಿಂದ ಪ್ರತಿಯೊಂದು ಕಡೆಯೂ ಹಿಂಗೆರೆ (\) ಮತ್ತು ಖಾಲಿ ಜಾಗವನ್ನು ಸೇರಿಸಬೇಕಾಗುತ್ತದೆ, ಅನುವಾದಕರು ಅದನ್ನು ಮರೆತ ಕಡೆಯೆಲ್ಲ ಪುಟದಲ್ಲಿ ಲಂಬಗೆರೆಗಳು ಹಾಗೆಯೇ ಕಾಣಿಸಿಕೊಳ್ಳುತ್ತವೆ. ಅಷ್ಟನ್ನೂ ಸಹಿಸಿದರೂ ಪ್ರತ್ಯಯದ ರೂಪ ಹೆಸರಿನ ಕೊನೆಯ ಧ್ವನಿಯನ್ನು ಅವಲಂಬಿಸಿರುವುದರಿಂದ ಹೆಸರನ್ನು ಚರಾಂಕವಾಗಿಸಿ ಪ್ರಯೋಜನವಿಲ್ಲ. ಈ ದಾರಿಯನ್ನು ಎರಡು ವಾರಗಳಲ್ಲಿ ಬಿಟ್ಟೆವು.

ನನ್ನ ವಾದ ಸರಳವಾಗಿತ್ತು. ಬದಲಾಯಿಸುವುದು ಕೊನೆಯ ಕೆಲಸ, ವಿಂಗಡಿಸುವುದು ಮೊದಲನೆಯದು. ಮತ್ತು ಆ ವಿಂಗಡಣೆಯನ್ನು ಮನಸ್ಸಿನಲ್ಲಿ ಅಲ್ಲ, ಯೋಜನೆಯ ಕಡತಗಳೆಲ್ಲ ಇರುವ ರೆಪಾಸಿಟರಿಯಲ್ಲೇ ಒಂದು ಕೋಷ್ಟಕವಾಗಿ ಇಡಬೇಕು. ಕಡತಗಳಲ್ಲಿ ಪದ ಹುಡುಕುವ ಗಿಟ್ ಗ್ರೆಪ್ ಆಜ್ಞೆಯಿಂದ ಹಳೆಯ ಹೆಸರಿನ ಪ್ರತಿಯೊಂದು ಬಳಕೆಯನ್ನೂ ಹೊರತೆಗೆದಾಗ ಸುಮಾರು 9,000 ಸಾಲುಗಳು ಬಂದವು. ಒಂದೊಂದಕ್ಕೂ ಒಂದು ವರ್ಗವನ್ನು ಕೊಟ್ಟೆ: ಓದುಗರಿಗಾಗಿ ಬರೆದ ವಾಕ್ಯದಲ್ಲಿನ ಹೆಸರು ಕೂಡಲೇ ಬದಲಾಗಬೇಕು, ಕೋಡ್‌ನ ಗುರುತು ಅದರ ಬಿಡುಗಡೆಯೊಂದಿಗೇ ಬದಲಾಗಬೇಕು, ಇತಿಹಾಸಕ್ಕೆ ಸೇರಿದ್ದು ಎಂದಿಗೂ ಬದಲಾಗಬಾರದು, ಸಾಮಾನ್ಯ ನಾಮಪದಕ್ಕೆ ಇದರ ಗೊಡವೆಯೇ ಬೇಡ. ಮುಕ್ಕಾಲು ಪಾಲು ಕಡತದ ಹಾದಿಯಿಂದಲೇ ತೀರ್ಮಾನವಾಯಿತು. ಉಳಿದ ಎರಡು ಸಾವಿರದಷ್ಟನ್ನು ನಾವು ಮೂವರು ಸಂಜೆಯ ಹೊತ್ತು ಕುಳಿತು ಓದಿದೆವು, ಅದರಿಂದ ತಪ್ಪಿಸಿಕೊಳ್ಳುವ ಉಪಾಯ ನನಗೆ ಸಿಗಲಿಲ್ಲ.

ಕೋಷ್ಟಕವನ್ನು ಓದಿ ಬದಲಾವಣೆ ಮಾಡುವ ಸ್ಕ್ರಿಪ್ಟ್ ಅನ್ನು ಎಷ್ಟು ಸಲ ಬೇಕಾದರೂ ಓಡಿಸುವಂತೆ ಬರೆದೆ. ಈ ವಿಧಾನದ ಬಲ ಇರುವುದೇ ಅಲ್ಲಿ. ನಾವು ವಿಂಗಡಿಸುತ್ತಿದ್ದ ವಾರಗಳಲ್ಲೂ ಹೊರಗಿನ ಕೊಡುಗೆದಾರರು ಹಳೆಯ ಹೆಸರಿನಲ್ಲೇ ಪುಲ್ ರಿಕ್ವೆಸ್ಟ್‌ಗಳನ್ನು (ಸೇರಿಸಿಕೊಳ್ಳಲು ಕೋರುವ ಬದಲಾವಣೆಗಳನ್ನು) ಕಳುಹಿಸುತ್ತಿದ್ದರು. ಅವನ್ನೆಲ್ಲ ತಡೆಹಿಡಿಯಬೇಕೆಂದು ಕೆಲವರು ಹೇಳಿದರು. ನಾನು ಒಪ್ಪಲಿಲ್ಲ, ಏಕೆಂದರೆ ಬಿಡುವಿನ ವೇಳೆಯಲ್ಲಿ ಬರೆದು ಕಳುಹಿಸಿದವರನ್ನು ಕಾಯಿಸುವುದು ಯೋಜನೆಗೆ ಒಳಿತಲ್ಲ. ಮುಖ್ಯ ಬ್ರಾಂಚ್‌ಗೆ ಏನೇ ಸೇರಲಿ, ಸ್ಕ್ರಿಪ್ಟ್ ಮತ್ತೆ ಓಡಿದಾಗ ಹೊಸ ಸಾಲುಗಳಷ್ಟೇ ವಿಂಗಡಣೆಗೆ ಉಳಿಯುತ್ತಿದ್ದವು. ಇದಕ್ಕಾಗಿ ಪ್ರತಿ ಬಳಕೆಯನ್ನೂ ಸಾಲಿನ ಸಂಖ್ಯೆಯಿಂದ ಗುರುತಿಸದೆ ಸುತ್ತಲಿನ ಪದಗಳ ಹ್ಯಾಶ್‌ನಿಂದ, ಅಂದರೆ ಆ ಪದಗಳಿಂದ ಲೆಕ್ಕಹಾಕಿದ ಸಣ್ಣ ಸಂಕೇತದಿಂದ, ಗುರುತಿಸಿದೆ. ಎಷ್ಟು ಪದಗಳನ್ನು, ಯಾವ ರೀತಿ ಸೋಸಿ ತೆಗೆದುಕೊಂಡೆ ಎಂಬುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅದನ್ನು ಬೇರೆ ಎರಡು ಯೋಜನೆಗಳ ಮೇಲೆ ಪರೀಕ್ಷಿಸಿದ ಮೇಲೆ ಹೊರಗಿಡುವ ಆಲೋಚನೆ ಇದೆ.

ಯಾವುದನ್ನು ಬದಲಿಸದೆ ಬಿಡಬೇಕು ಎಂಬ ಚರ್ಚೆಯೇ ತಂಡದಲ್ಲಿ ಹೆಚ್ಚು ಸಮಯ ತಿಂದಿತು. ಆಗ ಹಿಂದಿನವರ ನಡೆ ನನ್ನ ನೆರವಿಗೆ ಬಂದಿತು. ಬಿಲ್ಡ್‌ಗಳನ್ನು ತಾನಾಗಿ ನಡೆಸುವ ಹಡ್ಸನ್ 2011ರಲ್ಲಿ ಜೆಂಕಿನ್ಸ್ ಆದರೂ ಅದರ ಜಾವಾ ಪ್ಯಾಕೇಜುಗಳಲ್ಲಿ ಹಡ್ಸನ್ ಎಂಬ ಹೆಸರು ಇಂದಿಗೂ ಇದೆ. ಐಪೈಥಾನ್ ನೋಟ್‌ಬುಕ್ 2014ರಲ್ಲಿ ಜುಪಿಟರ್ ಯೋಜನೆಯಾಗಿ ಬೇರೆಯಾದರೂ ಕಡತದ ವಿಸ್ತರಣೆ ಐಪಿವೈಎನ್‌ಬಿ ಎಂದೇ ಉಳಿದಿದೆ. ಓಪನ್‌ಆಫೀಸ್‌ನಿಂದ 2010ರಲ್ಲಿ ಕವಲೊಡೆದ ಲಿಬ್ರೆಆಫೀಸ್‌ನ ಪ್ರೋಗ್ರಾಮಿಂಗ್ ಇಂಟರ್‌ಫೇಸ್‌ನಲ್ಲಿ ಸನ್ ಕಂಪನಿಯ ಹೆಸರಿರುವ ನೇಮ್‌ಸ್ಪೇಸ್ (ಕೋಡ್‌ನ ಹೆಸರುಗಳ ಗುಂಪು) ಹಾಗೆಯೇ ಇದೆ. 2023ರಲ್ಲಿ ಪರವಾನಗಿ ಬದಲಾದಾಗ, ಸರ್ವರ್ ಮುಂತಾದವನ್ನು ಕೋಡ್‌ನಿಂದ ಸಿದ್ಧಪಡಿಸುವ ಟೆರಾಫಾರ್ಮ್‌ನಿಂದ ಬೇರೆಯಾದ ಓಪನ್‌ಟೋಫು, ಸಂರಚನೆಯಲ್ಲಿ ಟೆರಾಫಾರ್ಮ್ ಎಂಬ ಬ್ಲಾಕ್ ಅನ್ನೂ ಟಿಎಫ್ ಎಂದು ಆರಂಭವಾಗುವ ಪರಿಸರ ಚರಾಂಕಗಳನ್ನೂ ಉಳಿಸಿಕೊಂಡಿತು. ಇದಕ್ಕೆ ವಿರುದ್ಧವಾಗಿ, 2020ರ ಕೊನೆಯಲ್ಲಿ ಪ್ರೆಸ್ಟೋಎಸ್‌ಕ್ಯೂಎಲ್ ಎಂಬ ದತ್ತಾಂಶ ಪ್ರಶ್ನಿಸುವ ತಂತ್ರಾಂಶ ಟ್ರಿನೊ ಆದಾಗ ಪ್ಯಾಕೇಜಿನ ಹೆಸರನ್ನೂ ಎಚ್‌ಟಿಟಿಪಿ ಹೆಡರ್‌ಗಳನ್ನೂ ಬದಲಿಸಲಾಯಿತು. ನಾವು ಎರಡರ ನಡುವಿನ ದಾರಿ ಹಿಡಿದೆವು: ಮಾಡ್ಯೂಲ್‌ನ ಹೆಸರು ಬದಲಾಯಿತು, ಸಂರಚನಾ ಕಡತದ ವಿಸ್ತರಣೆ ಉಳಿಯಿತು. ಉಳಿದ ಪ್ರತಿಯೊಂದಕ್ಕೂ ಏಕೆ ಉಳಿಯಿತೆಂಬ ಒಂದು ವಾಕ್ಯವನ್ನು ದಸ್ತಾವೇಜಿನಲ್ಲೇ ಬರೆದೆವು. ಆ ಪುಟವನ್ನು ಓದಿದ ಮೇಲೆ, ಕೆಲಸ ಅರ್ಧಕ್ಕೆ ನಿಂತಿದೆಯೇ ಎಂದು ಕೇಳುವವರು ಬಹಳ ಕಡಿಮೆಯಾದರು.

ಕನ್ನಡದ ಭಾಗ ಪ್ರತ್ಯೇಕವಾಗಿ ಹೇಳಬೇಕಾದದ್ದು. ನಮ್ಮ ಅನುವಾದ ಗೆಟ್‌ಟೆಕ್ಸ್ಟ್ ಎಂಬ ಅನುವಾದ ವ್ಯವಸ್ಥೆಯ ಪಿಒ ಕಡತಗಳಲ್ಲಿ, ಅಂದರೆ ಮೂಲ ವಾಕ್ಯ ಮತ್ತು ಅನುವಾದದ ಜೋಡಿಗಳಾಗಿ ಇದೆ. ಮೂಲ ಇಂಗ್ಲಿಷ್ ವಾಕ್ಯದಲ್ಲಿ ಒಂದು ಪದ ಬದಲಾದರೂ ವಿಲೀನದ ಹೊತ್ತಿಗೆ ಅದರ ಅನುವಾದಕ್ಕೆ ಫಜ್ಜಿ (ಮತ್ತೆ ನೋಡಬೇಕಾದದ್ದು) ಎಂಬ ಗುರುತು ಬೀಳುತ್ತದೆ, ಮತ್ತು ಫಜ್ಜಿ ಆದದ್ದನ್ನು ಸ್ಫಿಂಕ್ಸ್ ಪೂರ್ವನಿಯೋಜಿತವಾಗಿ ಪ್ರಕಟಿಸುವುದಿಲ್ಲ. ಪರೀಕ್ಷಾರ್ಥ ಬಿಲ್ಡ್‌ನಲ್ಲಿ ಕನ್ನಡ ವಾಕ್ಯಗಳ ಮೂರನೆಯ ಒಂದು ಭಾಗದಷ್ಟು ಇಂಗ್ಲಿಷಿಗೆ ಮರಳಿದ್ದನ್ನು ಕಂಡು, ವರ್ಷಗಟ್ಟಲೆ ಅನುವಾದಿಸಿದ ಸ್ನೇಹಿತರು ತುಂಬಾ ನೊಂದುಕೊಂಡರು. ಪರಿಹಾರ ಹೀಗಿದೆ: ಮೂಲ ವಾಕ್ಯಗಳಷ್ಟೇ ಇರುವ ಹೊಸ ಪಿಒಟಿ ಕಡತದೊಂದಿಗೆ ವಿಲೀನ ಮಾಡುವ ಮೊದಲೇ ಪಿಒ ಕಡತಗಳಲ್ಲಿನ ಮೂಲ ವಾಕ್ಯಕ್ಕೂ ಅನುವಾದಕ್ಕೂ ಅದೇ ಕೋಷ್ಟಕವನ್ನು ಅನ್ವಯಿಸಬೇಕು. ಆಗ ಎರಡೂ ಕಡೆಯ ಮೂಲ ವಾಕ್ಯಗಳು ಅಕ್ಷರಶಃ ಹೊಂದುತ್ತವೆ, ಫಜ್ಜಿ ಎಂಬುದೇ ಹುಟ್ಟುವುದಿಲ್ಲ. ನಮ್ಮಲ್ಲಿ ಫಜ್ಜಿ ಸಾಲುಗಳ ಸಂಖ್ಯೆ ಸುಮಾರು 4,000ದಿಂದ ನೂರರ ಒಳಕ್ಕೆ ಇಳಿಯಿತು.

ಆದರೆ ಅನುವಾದದ ಪಾಲಿನಲ್ಲಿ ಹೆಸರನ್ನು ಮಾತ್ರ ಬದಲಿಸಿದರೆ ಸಾಲದು. ಟೆರಾಫಾರ್ಮ್‌ನಲ್ಲಿ, ಟೆರಾಫಾರ್ಮ್‌ಗೆ, ಟೆರಾಫಾರ್ಮ್ ಅನ್ನು ಎಂಬ ರೂಪಗಳು ಓಪನ್‌ಟೋಫುವಿನಲ್ಲಿ, ಓಪನ್‌ಟೋಫುವಿಗೆ, ಓಪನ್‌ಟೋಫುವನ್ನು ಎಂದಾಗಬೇಕಲ್ಲವೇ, ನಮ್ಮ ಹೆಸರಿನ ಸ್ಥಿತಿಯೂ ಅದೇ. ಹೆಸರು ಮತ್ತು ಪ್ರತ್ಯಯವನ್ನು ಒಟ್ಟಿಗೆ ಹಿಡಿದು ಒಟ್ಟಿಗೇ ಬದಲಿಸುವ ಸುಮಾರು 40 ಜೋಡಿಗಳನ್ನು ಸಿದ್ಧಪಡಿಸಿದೆ. ಅವನ್ನು ಅನ್ವಯಿಸುವ ಕ್ರಮದಲ್ಲಿ ಒಂದು ಗುಟ್ಟಿದೆ. ಉದ್ದನೆಯದು ಮೊದಲು ಎಂಬುದು ಎಲ್ಲರಿಗೂ ಹೊಳೆಯುತ್ತದೆ, ಅದೊಂದೇ ಸಾಕಾಗುವುದಿಲ್ಲ ಎಂದಷ್ಟೇ ಹೇಳುತ್ತೇನೆ. ಹಾಗಿದ್ದೂ ಮೊದಲ ಓಟದಲ್ಲಿ ಅರ್ಧದಷ್ಟು ಬಳಕೆಗಳು ಹುಡುಕಾಟಕ್ಕೇ ಸಿಗಲಿಲ್ಲ. ಕೆಲವರು ಹಲಂತದ ನಂತರ ಕಣ್ಣಿಗೆ ಕಾಣದ ಯು+200ಸಿ (ಅಕ್ಷರಗಳು ಕೂಡದಂತೆ ತಡೆಯುವ ಸಂಕೇತ) ಹಾಕಿದ್ದರು, ಕೆಲವರು ಯು+200ಡಿ (ಕೂಡಿಸುವ ಸಂಕೇತ), ಕೆಲವರು ಏನನ್ನೂ ಹಾಕಿರಲಿಲ್ಲ. ಓಕಾರದ ಚಿಹ್ನೆ ಕೆಲವು ಕಡತಗಳಲ್ಲಿ ಒಂದೇ ಸಂಕೇತವಾಗಿ, ಬೇರೆ ಕೆಲವುಗಳಲ್ಲಿ ಬಿಡಿಬಿಡಿಯಾದ ಮೂರು ಸಂಕೇತಗಳಾಗಿ ಇತ್ತು. ಕಣ್ಣಿಗೆ ಎರಡೂ ಒಂದೇ. ಎಲ್ಲ ಕಡತಗಳನ್ನೂ ಮೊದಲು ಯೂನಿಕೋಡ್‌ನ ಏಕರೂಪವಾದ ಎನ್‌ಎಫ್‌ಸಿಗೆ ತಂದು, ಅದು ಮುಟ್ಟದ ಯು+200ಸಿ, ಯು+200ಡಿಗಳನ್ನೂ ಒಂದೇ ರೀತಿಗೆ ತಂದು, ಆ ಬದಲಾವಣೆಯನ್ನು ಬೇರೆಯೇ ಕಮಿಟ್ (ದಾಖಲಿಸಿದ ಬದಲಾವಣೆ) ಆಗಿ ಇಟ್ಟು, ಅನಂತರ ಮುಂದುವರಿದೆ. ಇನ್ನೊಂದು ಎಚ್ಚರಿಕೆ: ಪಠ್ಯದಲ್ಲಿ ಮಾದರಿಗಳನ್ನು ಹುಡುಕುವ ಪೈಥಾನ್‌ನ ಆರ್‌ಇ ಮಾಡ್ಯೂಲ್ ಕನ್ನಡದ ಸ್ವರಚಿಹ್ನೆಗಳನ್ನೂ ಹಲಂತವನ್ನೂ ಪದದ ಭಾಗವೆಂದು ಎಣಿಸುವುದಿಲ್ಲ, ಆದ್ದರಿಂದ ಪದದ ಗಡಿಯ ಗುರುತು ಪದದ ನಡುವೆಯೇ ಹೊಂದಿಬಿಡುತ್ತದೆ. ರೆಜೆಕ್ಸ್ ಎಂಬ ಪ್ರತ್ಯೇಕ ಪ್ಯಾಕೇಜನ್ನು ಹಾಕಿಕೊಂಡು, ಯೂನಿಕೋಡ್‌ನ ಅಕ್ಷರ ಮತ್ತು ಚಿಹ್ನೆಗಳ ವರ್ಗಗಳಿಂದ ಗಡಿಯನ್ನು ನಾನೇ ಬರೆದುಕೊಂಡೆ.

ಕೊಂಡಿಗಳ ವಿಷಯದಲ್ಲಿ ಗಿಟ್‌ಹಬ್ ರೆಪಾಸಿಟರಿಯ ಹಳೆಯ ವಿಳಾಸವನ್ನು ತಾನೇ ಹೊಸದಕ್ಕೆ ತಿರುಗಿಸುತ್ತದೆ, ಹಳೆಯ ಹೆಸರಿನಲ್ಲಿ ಮತ್ತೊಂದು ರೆಪಾಸಿಟರಿಯನ್ನು ತೆರೆಯದಿದ್ದರೆ ಸರಿ. ಗಿಟ್‌ಹಬ್ ಪೇಜಸ್‌ನ ವಿಳಾಸಕ್ಕೆ ಆ ಸೌಲಭ್ಯವಿಲ್ಲ. ಪೈಥಾನ್ ಪ್ಯಾಕೇಜುಗಳ ಭಂಡಾರವಾದ ಪೈಪಿಐನಲ್ಲಿ ಹೆಸರು ಬದಲಿಸುವ ವ್ಯವಸ್ಥೆಯೇ ಇಲ್ಲ. ಹೊಸ ಪ್ಯಾಕೇಜ್ ಪ್ರಕಟಿಸಿ, ಹಳೆಯದರ ಕೊನೆಯ ಆವೃತ್ತಿ ಅದನ್ನು ಅವಲಂಬಿಸುವಂತೆ ಮಾಡಿದೆವು. ನಿಜವಾಗಿ ಕಾಡಿದ್ದು ಶೀರ್ಷಿಕೆಗಳಿಂದ ಹುಟ್ಟುವ ಆಂಕರ್‌ಗಳು, ಅಂದರೆ ಪುಟದ ಒಂದು ಭಾಗಕ್ಕೇ ಕೊಂಡಿ ಕೊಡಲು ನೆರವಾಗುವ ಗುರುತುಗಳು. ಶೀರ್ಷಿಕೆಯಲ್ಲಿ ಹೆಸರು ಬದಲಾದರೆ ಆಂಕರ್ ಬದಲಾಗುತ್ತದೆ, ಮತ್ತು ವಿಳಾಸದಲ್ಲಿ ಹ್ಯಾಶ್ (#) ಚಿಹ್ನೆಯ ನಂತರದ ಭಾಗವನ್ನು ಬ್ರೌಸರ್ ಸರ್ವರ್‌ಗೆ ಕಳುಹಿಸುವುದೇ ಇಲ್ಲವಾದ್ದರಿಂದ ರೀಡೈರೆಕ್ಟ್‌ನಿಂದ ಅದನ್ನು ಸರಿಪಡಿಸಲಾಗದು. ಪುಟದಲ್ಲೇ ಒಂದು ಸಣ್ಣ ಜಾವಾಸ್ಕ್ರಿಪ್ಟ್ ಇಟ್ಟು ನೋಡಿದೆ. ಕೆಲಸ ಮಾಡಿತು, ಆದರೆ ನಿರ್ವಹಣೆಗೆ ಭಾರ. ಕೊನೆಗೆ ಬದಲಾದ ಪ್ರತಿ ಶೀರ್ಷಿಕೆಯ ಮೇಲೂ ಹಳೆಯ ಆಂಕರ್ ಅನ್ನೇ ಲೇಬಲ್ ಆಗಿ ಸೇರಿಸುವಂತೆ ಸ್ಕ್ರಿಪ್ಟ್ ಅನ್ನು ವಿಸ್ತರಿಸಿದೆ. ಸುಮಾರು 250 ಶೀರ್ಷಿಕೆಗಳು ಹೀಗೆ ಉಳಿದುಕೊಂಡವು.

ಚಿತ್ರಗಳ ಮೇಲೆ ಒಂದು ಪ್ರಯೋಗ ಮಾಡಿದೆ. ಎಸ್‌ವಿಜಿ ಕಡತಗಳಲ್ಲಿ ಅಕ್ಷರಗಳು ರೇಖೆಗಳಾಗಿ ಪರಿವರ್ತನೆಯಾಗಿರದಿದ್ದರೆ ಗ್ರೆಪ್‌ಗೆ ಸಿಗುತ್ತವೆ. ಪಿಎನ್‌ಜಿ ಸಿಗುವುದಿಲ್ಲ, ಸುಮಾರು 300 ತೆರೆಚಿತ್ರಗಳನ್ನು, ಚಿತ್ರದಲ್ಲಿನ ಅಕ್ಷರಗಳನ್ನು ಓದುವ ಟೆಸರಾಕ್ಟ್‌ಗೆ ಉಣಿಸಿದೆ. ಕಪ್ಪು ಹಿನ್ನೆಲೆಯ ಟರ್ಮಿನಲ್ ಚಿತ್ರಗಳಲ್ಲಿ ಅದು ಪೂರ್ತಿ ಸೋತಿತು, ಬಣ್ಣಗಳನ್ನು ತಿರುವುಮುರುವು ಮಾಡಿ ಗಾತ್ರವನ್ನು ಹಿಗ್ಗಿಸಿದ ಮೇಲೆ ಚೆನ್ನಾಗಿ ಓದಿತು. ಹಳೆಯ ಹೆಸರಿದ್ದ ಚಿತ್ರಗಳು ನೂರರ ಹತ್ತಿರ ಸಿಕ್ಕವು. ಭಾಷಾ ಮಾದರಿಯೊಂದಕ್ಕೆ ಕೆಲವು ಪುಟಗಳನ್ನು ಕೊಟ್ಟೂ ನೋಡಿದೆ. ಹೆಸರನ್ನು ಸರಿಯಾಗಿಯೇ ಬದಲಿಸಿತು, ಜೊತೆಗೆ ಕೇಳದ ವಾಕ್ಯಗಳನ್ನೂ ತಿದ್ದಿತು. ಪ್ರತಿ ಪುಟದ ವ್ಯತ್ಯಾಸವನ್ನು ಮತ್ತೆ ಓದಬೇಕಾದ್ದರಿಂದ ಆ ಪ್ರಯೋಗವನ್ನು ಅಲ್ಲಿಗೇ ಬಿಟ್ಟೆ.

ಖರ್ಚಿನ ಲೆಕ್ಕವನ್ನು ಹೇಳದಿದ್ದರೆ ಇದು ಪೂರ್ತಿಯಾಗದು. ದಸ್ತಾವೇಜು ಸೇವೆ ನೀಡುವ ಒಂದು ಸಂಸ್ಥೆ ಈ ಕೆಲಸಕ್ಕೆ ಒಂದೂವರೆ ಲಕ್ಷದ ಮೇಲೆ ಕೇಳಿತ್ತು, ಅದೂ ಕನ್ನಡವನ್ನು ಬಿಟ್ಟು. ನಮಗೆ ಒಟ್ಟು ತಗಲಿದ್ದು 40,000 ರೂಪಾಯಿಗಳ ಒಳಗೆ. ಅದರಲ್ಲಿ ವಕೀಲರ ಸಲಹೆಗೆ ಹದಿನೈದು ಸಾವಿರದಷ್ಟು, ತೆರೆಚಿತ್ರಗಳನ್ನು ಮತ್ತೆ ತೆಗೆದುಕೊಟ್ಟ ವಿದ್ಯಾರ್ಥಿಗೆ ಹನ್ನೆರಡು ಸಾವಿರ, ಹೊಸ ಡೊಮೇನ್‌ಗೆ ಒಂದು ಸಾವಿರದ ಹತ್ತಿರ. ಉಳಿದದ್ದು ಹೊಸ ಹೆಸರಿನ ನೋಂದಣಿಗೆ: ಭಾರತದಲ್ಲಿ ಆನ್‌ಲೈನ್ ಅರ್ಜಿಗೆ ವ್ಯಕ್ತಿಗಳಿಗೆ ವರ್ಗವೊಂದಕ್ಕೆ 4,500 ರೂಪಾಯಿ, ತಂತ್ರಾಂಶಕ್ಕೆ 9ನೆಯ ವರ್ಗ, ತಂತ್ರಾಂಶ ಸೇವೆಗೆ 42ನೆಯ ವರ್ಗ, ಹೀಗೆ 9,000. ಹೆಸರನ್ನು ಅಂತಿಮಗೊಳಿಸುವ ಮೊದಲು ವಾಣಿಜ್ಯ ಚಿಹ್ನೆಗಳ ನೋಂದಣಿ ಇಲಾಖೆಯ ತಾಣದಲ್ಲಿ ಉಚಿತವಾಗಿಯೇ ಹುಡುಕಬಹುದು. ನಾವು ಮೆಚ್ಚಿಕೊಂಡಿದ್ದ ಮೊದಲ ಎರಡು ಹೆಸರುಗಳು ಅಲ್ಲಿಯೇ ಬಿದ್ದುಹೋದವು.

ಹಳೆಯ ಹೆಸರು ಮತ್ತೆ ನುಸುಳದಂತೆ ಬರಹದಲ್ಲಿನ ತಪ್ಪುಗಳನ್ನು ನಿಯಮಗಳಂತೆ ಹುಡುಕುವ ವೇಲ್ ಎಂಬ ಲಿಂಟರ್‌ನಲ್ಲಿ ಒಂದು ನಿಯಮ ಬರೆದಿದ್ದೇನೆ. ವೇಲ್ ಕೋಡ್ ಬ್ಲಾಕ್‌ಗಳನ್ನು ತಾನಾಗಿ ಬಿಟ್ಟುಬಿಡುವುದರಿಂದ ಅವಕ್ಕಾಗಿ ಬೇರೆ ಗ್ರೆಪ್ ಓಡುತ್ತದೆ, ಎರಡೂ ಅದೇ ಕೋಷ್ಟಕವನ್ನು ಓದುತ್ತವೆ. ಬೃಹತ್ ಬದಲಾವಣೆಯ ಕಮಿಟ್‌ಗಳನ್ನು, ಪ್ರತಿ ಸಾಲನ್ನು ಕೊನೆಗೆ ಬದಲಿಸಿದವರು ಯಾರೆಂದು ತೋರಿಸುವ ಗಿಟ್ ಬ್ಲೇಮ್ ಕಡೆಗಣಿಸುವ ಪಟ್ಟಿಗೆ ಸೇರಿಸಿದ್ದರಿಂದ, ಯಾವ ವಾಕ್ಯವನ್ನು ನಿಜವಾಗಿ ಬರೆದವರು ಯಾರು ಎಂಬುದು ಮೊದಲಿನಂತೆಯೇ ಕಾಣುತ್ತದೆ. ಕೊಡುಗೆದಾರರ ದುಡಿಮೆಗೆ ಇದು ಸಲ್ಲಬೇಕಾದ ಮರ್ಯಾದೆ ಎಂದು ನಾನು ಹಟ ಹಿಡಿದು ಮಾಡಿಸಿದೆ. ಸದ್ಯ ಹಳೆಯ ಹೆಸರು ಸುಮಾರು 400 ಕಡೆ ಉಳಿದಿದ್ದು, ಎಲ್ಲವೂ ಹೊಸ ಒಪ್ಪಂದಕ್ಕೆ ಮುಂಚಿನ ಬರಹಗಳು ಅಥವಾ ಬದಲಿಸಲಾಗದ ಗುರುತುಗಳು. ಅವು ಉಳಿಯಲು ಕಂಪನಿಯೂ ಒಪ್ಪಿದೆ. ಹಳೆಯ ಡೊಮೇನ್ ಇನ್ನು ಎರಡು ವರ್ಷಗಳಷ್ಟು ಕಾಲ ನಮ್ಮ ಬಳಿ ಇರುತ್ತದೆ, ಅನಂತರ ಅದನ್ನು ಬಿಟ್ಟುಕೊಡಬೇಕು. ಅಷ್ಟರೊಳಗೆ ನಮ್ಮ ಪುಟಗಳಿಗೆ ಕೊಂಡಿ ಕೊಟ್ಟಿರುವ ಬೇರೆ ಯೋಜನೆಗಳಿಗೆ ಒಂದೊಂದಾಗಿ ತಿದ್ದುಪಡಿಗಳನ್ನು ಕಳುಹಿಸುತ್ತಿದ್ದೇವೆ, ಅರ್ಧಕ್ಕಿಂತ ಹೆಚ್ಚು ಈಗಾಗಲೇ ಒಪ್ಪಿಗೆಯಾಗಿವೆ.