ಮನೆಮಂದಿಯೊಂದಿಗೆ ಜರ್ಮನಿಗೆ: ಖರ್ಚಿನ ಲೆಕ್ಕ ಹಾಕುವುದು ಹೇಗೆ?

ಜರ್ಮನಿಯ ಕೆಲಸದ ಪತ್ರ ಕೈಗೆ ಬಂದ ದಿನ ಹೆಚ್ಚಿನವರು ಮಾಡುವ ಮೊದಲ ಲೆಕ್ಕ ಗುಣಾಕಾರ. ವರ್ಷಕ್ಕೆ 60,000 ಯೂರೊ, ಒಂದು ಯೂರೊಗೆ ನೂರರ ಆಸುಪಾಸು ರೂಪಾಯಿ, ಅಲ್ಲಿಗೆ 60 ಲಕ್ಷ. ಈ ಗುಣಾಕಾರವನ್ನು ನಂಬಿ ಬೆಂಗಳೂರಿನ ಮನೆ ಖಾಲಿ ಮಾಡಿ, ಮಕ್ಕಳ ಟಿ.ಸಿ. ತೆಗೆಸಿ, ಮ್ಯೂನಿಕ್‌ಗೆ ಬಂದಿಳಿದು, ಮೂರನೆಯ ತಿಂಗಳಿಗೇ ಊರಿನಿಂದ ಹಣ ತರಿಸಿಕೊಂಡ ಹಲವು ಕುಟುಂಬಗಳನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ದುಂದುಗಾರರು ಎನ್ನಬಹುದಾದವರು ಅವರಲ್ಲಿ ಒಬ್ಬರೂ ಇರಲಿಲ್ಲ. ಗಂಡ, ಹೆಂಡತಿ, ಇಬ್ಬರು ಮಕ್ಕಳ ಕುಟುಂಬವೊಂದು ಒಬ್ಬರ ಸಂಬಳವನ್ನು ನಂಬಿ ಮ್ಯೂನಿಕ್‌ನಂಥ ದುಬಾರಿ ನಗರಕ್ಕೆ ಬರುತ್ತಿದೆ ಎಂದು ಇಟ್ಟುಕೊಂಡು ಲೆಕ್ಕವನ್ನು ಮೊದಲಿನಿಂದ ಹಾಕೋಣ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ; ಊರಿನ ಬಾಬ್ತಿಗೆ ಬರುವ ತನಕ ಅದರಲ್ಲಿ ರೂಪಾಯಿ ಎಂಬ ಪದವನ್ನೇ ಬರೆಯಬೇಡಿ.

ಹಂತ 1: ಕೈಗೆ ಬರುವ ಸಂಬಳವನ್ನು ತಿಳಿಯಿರಿ

ಪತ್ರದಲ್ಲಿ ಬರೆದಿರುವುದು ಬ್ರುಟ್ಟೊ, ಅಂದರೆ ಕಡಿತಕ್ಕೆ ಮೊದಲಿನ ಮೊತ್ತ. ಪಿಂಚಣಿ, ಆರೋಗ್ಯ ವಿಮೆ, ಆರೈಕೆ ವಿಮೆ (ಮುಪ್ಪು, ಕಾಯಿಲೆಯಲ್ಲಿ ನೋಡಿಕೊಳ್ಳುವ ಖರ್ಚಿಗೆ), ನಿರುದ್ಯೋಗ ವಿಮೆ ಇವಿಷ್ಟಕ್ಕೇ ಸಂಬಳದ ಐದನೆಯ ಒಂದು ಭಾಗ ಹೋಗುತ್ತದೆ. ಆಮೇಲೆ ಆದಾಯ ತೆರಿಗೆ. ತಿಂಗಳ ತೆರಿಗೆ ಎಷ್ಟು ಹಿಡಿಯಬೇಕೆಂಬುದು ಕುಟುಂಬದ ಸ್ಥಿತಿ ನೋಡಿ ಕೊಡುವ 'ತೆರಿಗೆ ವರ್ಗ'ದ ಮೇಲೆ ನಿಂತಿದೆ. ಒಬ್ಬರೇ ದುಡಿಯುವ ವಿವಾಹಿತರಿಗೆ ಮೂರನೆಯ ತೆರಿಗೆ ವರ್ಗ ಅನುಕೂಲವಾದದ್ದು. ಆ ವರ್ಗದಲ್ಲಿ ತಿಂಗಳಿಗೆ 5,000 ಯೂರೊ ಬ್ರುಟ್ಟೊ ಇದ್ದವರಿಗೆ ಸುಮಾರು 3,500 ಕೈಗೆ ಬರುತ್ತದೆ. ಎಡವುವುದು ಇಲ್ಲಿಯೇ. ಹೆಂಡತಿ ಮಕ್ಕಳು ಇನ್ನೂ ಭಾರತದಲ್ಲಿದ್ದರೆ ಮೂರನೆಯ ವರ್ಗ ಸಿಗುವುದಿಲ್ಲ; ಒಂದನೆಯ ವರ್ಗದಲ್ಲಿ ತಿಂಗಳಿಗೆ 350ರಿಂದ 400 ಯೂರೊ ಕಡಿಮೆ ಬರುತ್ತದೆ. ಅವರು ಬಂದು ವಿಳಾಸ ನೋಂದಾಯಿಸಿದ ಮೇಲೂ ವರ್ಗ ತಾನಾಗಿ ಮೂರಕ್ಕೆ ಬದಲಾಗುವುದಿಲ್ಲ, ನಾಲ್ಕಕ್ಕೆ ಬಂದು ನಿಲ್ಲುತ್ತದೆ. ತೆರಿಗೆ ಕಚೇರಿಗೆ ಇಬ್ಬರೂ ಸಹಿ ಮಾಡಿದ ಅರ್ಜಿ ಹೋಗಬೇಕು. ಇದಕ್ಕೆಲ್ಲ ಮದುವೆ ನೋಂದಣಿ ಪತ್ರ ಬೇಕಾಗುವುದರಿಂದ ಅದರ ಜರ್ಮನ್ ಅನುವಾದದ ವೆಚ್ಚವನ್ನೂ ಪಟ್ಟಿಗೆ ಸೇರಿಸಿಕೊಳ್ಳಿ. ಮಂಗಳೂರು ಕಡೆಯ ಕ್ಯಾಥೊಲಿಕ್ ಕುಟುಂಬಗಳಿಗೆ ಒಂದು ಮಾತು: ವಿಳಾಸ ನೋಂದಣಿಯ ಅರ್ಜಿಯಲ್ಲಿ ಧರ್ಮ ಬರೆದೊಡನೆ ಚರ್ಚ್ ತೆರಿಗೆ ಶುರುವಾಗುತ್ತದೆ, ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಅದು ಆದಾಯ ತೆರಿಗೆಯ ಶೇ 8.

ಆರೋಗ್ಯ ವಿಮೆಯ ಬಗ್ಗೆ ನನ್ನ ಮಾತು ಖಚಿತ: ಸಾರ್ವಜನಿಕ ವಿಮೆಯಲ್ಲೇ ಇರಿ. ದುಡಿಯದ ಸಂಗಾತಿಯೂ ಮಕ್ಕಳೂ ಅದರಲ್ಲಿ ಹೆಚ್ಚಿನ ಕಂತಿಲ್ಲದೆ ಸೇರುತ್ತಾರೆ. ಸಂಬಳ ಹೆಚ್ಚಿರುವವರನ್ನು ಏಜೆಂಟರು ಖಾಸಗಿ ವಿಮೆಗೆ ಸೆಳೆಯುತ್ತಾರೆ, ಮೊದಲ ವರ್ಷದ ಕಂತು ಕಡಿಮೆಯಾಗಿಯೇ ಕಾಣುತ್ತದೆ. ಆದರೆ ಅಲ್ಲಿ ತಲೆಗೊಂದು ಕಂತು, ವಾಪಸ್ ಬರುವ ದಾರಿಯೂ ಕಿರಿದು.

ಇಬ್ಬರು ಮಕ್ಕಳಿಗೆ ಮಕ್ಕಳ ಭತ್ಯೆ, ಅಂದರೆ ಕಿಂಡರ್‌ಗೆಲ್ಟ್, 2026ರಲ್ಲಿ ತಲಾ 259 ಯೂರೊ. ಅರ್ಜಿ ಹಾಕಿದರೆ ಮಾತ್ರ ಬರುತ್ತದೆ, ತಡ ಮಾಡಿದರೆ ಹಿಂದಿನ ಆರು ತಿಂಗಳದ್ದು ಮಾತ್ರ ಸಿಗುತ್ತದೆ. ಹೆಂಡತಿಯ ಸಂಬಳವನ್ನು ಮೊದಲ ವರ್ಷ ಸೊನ್ನೆ ಎಂದೇ ಬರೆಯಿರಿ. ಒಂದು ವರ್ಷ ತುಂಬಿದ ಮಗುವಿಗೆ ಶಿಶುವಿಹಾರದ ಸ್ಥಾನ ಕೊಡಬೇಕೆಂಬ ಕಾನೂನು 2013ರ ಆಗಸ್ಟ್‌ನಿಂದ ಇದೆ. ಸ್ಥಾನ ಸಿಗುವುದು ಮಾತ್ರ ಕಾದವರಿಗೆ.

ಹಂತ 2: ಮನೆ ಬಾಡಿಗೆಯ ಜಾಹೀರಾತನ್ನು ಓದಲು ಕಲಿಯಿರಿ

ಇಡೀ ಲೆಕ್ಕ ಕೆಡುವುದು ಈ ಹಂತದಲ್ಲಿ. ಆದ್ದರಿಂದ ನಿಧಾನವಾಗಿ ಹೋಗೋಣ.

ಮೊದಲು ಕೋಣೆಗಳ ಎಣಿಕೆ. ಜರ್ಮನ್ ಜಾಹೀರಾತಿನ 'ಮೂರು ಕೋಣೆ' ನಮ್ಮ ತ್ರೀ ಬಿ.ಎಚ್.ಕೆ. ಎಂದುಕೊಂಡು ಹಿಗ್ಗುವವರಿದ್ದಾರೆ. ಅಲ್ಲಿ ಹಾಲನ್ನೂ ಕೋಣೆಯಾಗಿ ಎಣಿಸುತ್ತಾರೆ, ಅಡುಗೆಮನೆ ಮತ್ತು ಬಚ್ಚಲನ್ನು ಎಣಿಸುವುದಿಲ್ಲ. ಹಾಗಾಗಿ ಅದು ನಮ್ಮ ಟು ಬಿ.ಎಚ್.ಕೆ. ಅಳತೆ ಚದರ ಮೀಟರಿನಲ್ಲಿ ಇರುತ್ತದೆ. 70 ಚದರ ಮೀಟರ್ ಎಂದರೆ ಸುಮಾರು 750 ಚದರ ಅಡಿ.

ಎರಡನೆಯದು ಬಾಡಿಗೆಯ ಮೂರು ಪದರ. ದಪ್ಪಕ್ಷರದಲ್ಲಿ ಕಾಣುವುದು ಕಾಲ್ಟ್‌ಮೀಟೆ, ಅಂದರೆ 'ತಣ್ಣನೆಯ ಬಾಡಿಗೆ': ಬರಿಯ ಗೋಡೆ ಮತ್ತು ಸೂರಿನ ಬೆಲೆ. ಚದರ ಮೀಟರಿಗೆ 20 ಯೂರೊ ಹಿಡಿದರೆ ನಮ್ಮ ಲೆಕ್ಕದ 70 ಚದರ ಮೀಟರಿನ ಮನೆಗೆ ತಿಂಗಳಿಗೆ 1,400. ಇದರ ಮೇಲೆ ನೀರು, ಕಸ, ಮೆಟ್ಟಿಲು ಗುಡಿಸುವುದು, ಕಟ್ಟಡದ ವಿಮೆ, ಸಾಮಾನ್ಯವಾಗಿ ಶಾಖದ ವೆಚ್ಚವೂ ಸೇರಿ ನೇಬೆನ್‌ಕೋಸ್ಟೆನ್ ಎಂಬ ಬಾಬ್ತು. 300 ಎಂದು ಇಟ್ಟುಕೊಳ್ಳಿ. ಎರಡೂ ಸೇರಿದರೆ 1,700. ಇದು ವಾರ್ಮ್‌ಮೀಟೆ, 'ಬೆಚ್ಚನೆಯ ಬಾಡಿಗೆ'. ವಿದ್ಯುತ್ತೂ ಇಂಟರ್‌ನೆಟ್ಟೂ ಇದರಲ್ಲಿಲ್ಲ, ಅವು ಮೂರನೆಯ ಪದರ. ಕೆಲವು ಮನೆಗಳಲ್ಲಿ ಗ್ಯಾಸ್ ಬಾಯ್ಲರ್ ಮನೆಯೊಳಗೇ ಇರುತ್ತದೆ. ಅಂಥಲ್ಲಿ ಶಾಖದ ಖರ್ಚೂ ಹೊರಗೇ ಉಳಿದು, 'ಬೆಚ್ಚನೆಯ' ಬಾಡಿಗೆ ಹೆಸರಿಗಷ್ಟೇ ಬೆಚ್ಚಗಿರುತ್ತದೆ. ಶಾಖದ ವೆಚ್ಚ ಸೇರಿದೆಯೇ ಎಂದು ಬರವಣಿಗೆಯಲ್ಲಿ ಕೇಳಿ.

ಆ 300 ಯೂರೊ ಅಂತಿಮವಾದ ಮೊತ್ತವಲ್ಲ ಎಂಬುದು ಬಹಳ ಜನರಿಗೆ ಬಿಲ್ ಬಂದ ಮೇಲೆಯೇ ತಿಳಿಯುತ್ತದೆ. ಅದು ಮುಂಗಡ. ವರ್ಷ ಮುಗಿದ ಮೇಲೆ ಮನೆಯ ಮಾಲೀಕರು ನಿಜವಾದ ಖರ್ಚಿನ ಲೆಕ್ಕ ಕಳುಹಿಸುತ್ತಾರೆ. ಕಳುಹಿಸಲು ಅವರಿಗೆ ಮುಂದಿನ 12 ತಿಂಗಳ ಅವಕಾಶವಿದೆ. ಅಂದರೆ 2025ರ ಚಳಿಗಾಲದಲ್ಲಿ ಕಿಟಕಿ ವಾಲಿಸಿಟ್ಟು ಹೀಟರ್ ಉರಿಸಿದ್ದರ ಬಾಕಿ 2026ರ ಡಿಸೆಂಬರಿನಲ್ಲಿ ಬಾಗಿಲು ತಟ್ಟಬಹುದು. ಬೆಂಗಳೂರಿನಿಂದ ಬಂದ ಕುಟುಂಬ ಮೊದಲ ಚಳಿಗಾಲದಲ್ಲಿ ಮನೆಯನ್ನು ಏಪ್ರಿಲ್ ತಿಂಗಳ ರಾಯಚೂರು ಮಾಡಿಕೊಳ್ಳುವುದು ಸಹಜ. ಅದಕ್ಕೇ ತಿಂಗಳಿಗೆ 60 ಯೂರೊವನ್ನು ಈ ಬಾಕಿಗೆಂದೇ ಬೇರೆ ಖಾತೆಯಲ್ಲಿ ಇಡಿ. ವಿದ್ಯುತ್ತಿಗೂ ಇದೇ ಕ್ರಮ: ತಿಂಗಳ ಮುಂಗಡ, ವರ್ಷಕ್ಕೊಮ್ಮೆ ಚುಕ್ತಾ. ಮನೆಗೆ ಬಂದ ದಿನ ನೀವು ಯಾವ ಕಂಪನಿಯನ್ನೂ ಆರಿಸದಿದ್ದರೆ ಸ್ಥಳೀಯ ಮೂಲ ಸರಬರಾಜುದಾರರ ದರ ತಾನಾಗಿ ಅನ್ವಯಿಸುತ್ತದೆ. ಅದು ಬಹುಪಾಲು ದುಬಾರಿ, ಎರಡು ವಾರದ ನೋಟಿಸಿನಲ್ಲಿ ಬಿಡಬಹುದು. ಮೀಟರಿನ ಅಂಕಿಯ ಫೋಟೊವನ್ನು ಮೊದಲ ದಿನವೇ ತೆಗೆದಿಡಿ.

ಮೂರನೆಯದು ಠೇವಣಿ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಂದ ನಮಗೆ ಇಲ್ಲಿಯದು ಸಲೀಸು: ಕಾನೂನಿನ ಪ್ರಕಾರ ಹೆಚ್ಚೆಂದರೆ ಮೂರು ತಿಂಗಳ ತಣ್ಣನೆಯ ಬಾಡಿಗೆ, ಅದನ್ನೂ ಮೂರು ಸಮ ಕಂತುಗಳಲ್ಲಿ ಕೊಡುವ ಹಕ್ಕು ಬಾಡಿಗೆದಾರರಿಗಿದೆ. 4,200 ಯೂರೊವನ್ನು ಒಟ್ಟಿಗೆ ಕೊಟ್ಟು ಮೊದಲ ತಿಂಗಳೇ ಬರಿಗೈ ಆಗುವ ಅಗತ್ಯವಿಲ್ಲ. ಮಾಲೀಕರು ಗೊತ್ತುಮಾಡಿದ ದಲ್ಲಾಳಿಯ ಕಮಿಷನ್ ಅವರದೇ ಹೊಣೆ. 2015ರಿಂದ ಕಾನೂನು ಹಾಗೆ. ಮನೆ ನೋಡುವ ಮೊದಲೇ ಠೇವಣಿ ಕಳುಹಿಸಿ, ಕೀಲಿಕೈಯನ್ನು ಕೊರಿಯರ್ ಮಾಡುತ್ತೇವೆ ಎನ್ನುವವರು, ಫೋಟೊಗಳು ಎಷ್ಟೇ ಚೆನ್ನಾಗಿರಲಿ, ಮೋಸಗಾರರು. ಬೆಂಗಳೂರಿನಲ್ಲಿ ಕುಳಿತು ಮನೆ ಗೊತ್ತುಮಾಡುವ ಆತುರದಲ್ಲಿರುವವರೇ ಇವರ ಬಲೆಗೆ ಬೀಳುವುದು.

ನಾಲ್ಕನೆಯದು ಅಡುಗೆಮನೆ, ಅಥವಾ ಅದು ಇಲ್ಲದಿರುವುದು. ಅನೇಕ ಮನೆಗಳಲ್ಲಿ ಅಡುಗೆಮನೆ ಎಂದರೆ ನೀರಿನ ಪೈಪಿನ ಎರಡು ತುದಿ ಮತ್ತು ಒಲೆಯ ವಿದ್ಯುತ್ ತಂತಿ ಮಾತ್ರ. ಸಿಂಕು, ಕಪಾಟು, ಒಲೆ ಎಲ್ಲವೂ ಹಿಂದಿನ ಬಾಡಿಗೆದಾರರ ಸ್ವತ್ತು. ಅವರು ಬಿಚ್ಚಿಕೊಂಡು ಹೋಗಿರುತ್ತಾರೆ, ಇಲ್ಲವೇ ನಿಮಗೇ ಮಾರುತ್ತಾರೆ. ಚಾವಣಿಯಲ್ಲಿ ದೀಪವೂ ಇರುವುದಿಲ್ಲ. 'ಐನ್‌ಬೌಕ್ಯುಷೆ' ಎಂಬ ಪದ ಜಾಹೀರಾತಿನಲ್ಲಿದ್ದರೆ ಅಡುಗೆಮನೆ ಜೋಡಿಸಿದೆ ಎಂದರ್ಥ. ಅಂಥ ಮನೆಗೆ ತಿಂಗಳಿಗೆ 50 ಯೂರೊ ಹೆಚ್ಚಾದರೂ ನಾನು ಅದನ್ನೇ ಆರಿಸುತ್ತೇನೆ. ಹಿಂದಿನವರ ಹಳೆಯ ಅಡುಗೆಮನೆಗೆ 3,000 ಕೇಳಿದರೆ ಚೌಕಾಸಿ ಮಾಡಲು ಸಂಕೋಚಪಡಬೇಡಿ.

ಒಪ್ಪಂದದಲ್ಲಿ 'ಇಂಡೆಕ್ಸ್‌ಮೀಟೆ' ಎಂಬ ಪದ ಕಂಡರೆ ಬಾಡಿಗೆಯು ಗ್ರಾಹಕ ಬೆಲೆ ಸೂಚ್ಯಂಕದ ಜೊತೆ ಏರುತ್ತದೆ ಎಂದು ತಿಳಿಯಿರಿ. ಊರಿನ ನಡುವೆಯೇ ಇರಬೇಕೆಂಬ ಹಟವನ್ನೂ ಬಿಡಿ. ದೇಶದ ಎಲ್ಲ ನಗರ ಸಾರಿಗೆ ಮತ್ತು ಪ್ರಾದೇಶಿಕ ರೈಲಿಗೆ ನಡೆಯುವ ತಿಂಗಳ ಪಾಸು, ಡಾಯ್ಚ್‌ಲಾಂಡ್ ಟಿಕೆಟ್, 2023ರಲ್ಲಿ 49 ಯೂರೊ ಇದ್ದದ್ದು ಈಗ 63 ಆಗಿದೆ. ಆದರೂ ಅದರಲ್ಲಿ ಸುತ್ತಲಿನ ಊರುಗಳಾದ ಡಾಹೌ, ಫ್ರೈಸಿಂಗ್, ಎರ್ಡಿಂಗ್‌ನಿಂದ ಮಾತ್ರವಲ್ಲ, ಔಗ್ಸ್‌ಬುರ್ಗ್‌ನಿಂದಲೂ ಪ್ರಾದೇಶಿಕ ರೈಲಿನಲ್ಲಿ ದಿನವೂ ಮ್ಯೂನಿಕ್‌ಗೆ ಬಂದು ಹೋಗಬಹುದು.

ಹಂತ 3: ಮೊದಲ ಮೂರು ತಿಂಗಳಿಗೆ ಬೇರೆ ಗಂಟು ಕಟ್ಟಿ

ಮೊದಲ ಸಂಬಳ ತಿಂಗಳ ಕೊನೆಗೆ ಬರುತ್ತದೆ. ಖಾಯಂ ಮನೆ ಬಂದ ಕೂಡಲೇ ಸಿಗುವುದಿಲ್ಲ, ಏಕೆಂದರೆ ಹೊಸಬರ ಬಳಿ ಸಂಬಳದ ಚೀಟಿಯೂ ಇಲ್ಲ, ಸಾಲದ ಚರಿತ್ರೆ ಹೇಳುವ 'ಶೂಫಾ' ವರದಿಯೂ ಇಲ್ಲ. ಹಾಗಾಗಿ ಸಾಮಾನು ಸಹಿತ ತಾತ್ಕಾಲಿಕ ಮನೆಗೆ ಎರಡು ತಿಂಗಳು, ತಿಂಗಳಿಗೆ 2,200ರಂತೆ 4,400; ಖಾಯಂ ಮನೆಯ ಠೇವಣಿ 4,200; ಅದರ ಮೊದಲ ಬಾಡಿಗೆ 1,700; ಅಡುಗೆಮನೆ, ಮಂಚ, ಬಟ್ಟೆ ಒಗೆಯುವ ಯಂತ್ರಕ್ಕೆ 4,000; ಸಂಬಳ ಬರುವ ತನಕದ ಊಟ ಓಡಾಟಕ್ಕೆ 800. ಒಟ್ಟು 15,100 ಯೂರೊ. ತಾತ್ಕಾಲಿಕ ಮನೆಯಲ್ಲಿ ವಿಳಾಸ ನೋಂದಣಿಗೆ ಮಾಲೀಕರು ದೃಢೀಕರಣ ಪತ್ರ ಕೊಡುತ್ತಾರೆಯೇ ಎಂದು ಹಣ ಕಟ್ಟುವ ಮೊದಲೇ ಕೇಳಿ; ನೋಂದಣಿಯಿಲ್ಲದೆ ತೆರಿಗೆ ಸಂಖ್ಯೆ ಇಲ್ಲ, ಕಿಂಡರ್‌ಗೆಲ್ಟ್ ಇಲ್ಲ. ಕಂಪನಿ ಕೊಡುವ ಸ್ಥಳಾಂತರ ಭತ್ಯೆಯನ್ನು ಈ ಗಂಟಿನಿಂದ ಕಳೆಯಬೇಡಿ. ಅದು ಬಿಲ್ ಕೊಟ್ಟ ಮೇಲೆ ಬರುವಂಥದ್ದಾಗಿರಬಹುದು, ಬೇಗ ಕೆಲಸ ಬಿಟ್ಟರೆ ಹಿಂತಿರುಗಿಸಬೇಕಾದದ್ದೂ ಆಗಿರಬಹುದು.

ಹಂತ 4: ಊರಿನ ಬಾಬ್ತು

ಈಗ ರೂಪಾಯಿ ಬರೆಯಬಹುದು. ಈ ಗಂಟು ಸುಮಾರು 15 ಲಕ್ಷ ರೂಪಾಯಿ. ಒಬ್ಬರ ಖಾತೆಯಿಂದ ಒಂದು ಆರ್ಥಿಕ ವರ್ಷದಲ್ಲಿ 10 ಲಕ್ಷ ದಾಟಿ ಹೊರದೇಶಕ್ಕೆ ಕಳುಹಿಸಿದರೆ, ದಾಟಿದ ಮೊತ್ತಕ್ಕೆ ಬ್ಯಾಂಕು ಶೇ 20 ಟಿ.ಸಿ.ಎಸ್. (ಮುಂಗಡವಾಗಿ ವಸೂಲು ಮಾಡುವ ತೆರಿಗೆ) ಹಿಡಿಯುತ್ತದೆ. ಇಲ್ಲಿ ಒಂದು ಲಕ್ಷ. ರಿಟರ್ನ್ ಸಲ್ಲಿಸಿದಾಗ ಅದು ಲೆಕ್ಕಕ್ಕೆ ಬರುತ್ತದೆ ನಿಜ, ಆದರೆ ಬೇಕಾದ ಹೊತ್ತಿನಲ್ಲಿ ಕೈಯಲ್ಲಿರುವುದಿಲ್ಲ. ಮಿತಿ ಒಬ್ಬೊಬ್ಬರಿಗೆ ಬೇರೆಯಾದ್ದರಿಂದ, ಗಂಡ ಹೆಂಡತಿ ತಮ್ಮ ತಮ್ಮ ಉಳಿತಾಯವನ್ನು ತಮ್ಮ ತಮ್ಮ ಖಾತೆಯಿಂದಲೇ ಕಳುಹಿಸಿದರೆ ಈ ತೊಡಕಿಲ್ಲ.

ಹೊರಟ ಮೇಲೆ ಉಳಿತಾಯ ಖಾತೆಯನ್ನು ಎನ್.ಆರ್.ಒ. (ಅನಿವಾಸಿಗಳ ಭಾರತದ ಆದಾಯಕ್ಕಿರುವ) ಖಾತೆಯಾಗಿ ಬದಲಿಸಬೇಕು. ಬೆಂಗಳೂರಿನ ಸ್ವಂತ ಮನೆಯನ್ನು ಬಾಡಿಗೆಗೆ ಕೊಟ್ಟು ಅದರಿಂದಲೇ ಸಾಲದ ಕಂತು ಕಟ್ಟುತ್ತೇನೆ ಎನ್ನುವವರು ಒಂದು ಸಂಗತಿ ಮರೆಯುತ್ತಾರೆ: ಮಾಲೀಕರು ಅನಿವಾಸಿಯಾದರೆ ಬಾಡಿಗೆದಾರರು ಶೇ 31.2 ಟಿ.ಡಿ.ಎಸ್. ಹಿಡಿದು ಉಳಿದದ್ದನ್ನು ಕೊಡಬೇಕು. 40,000 ಬಾಡಿಗೆ ಎಂದರೆ ಖಾತೆಗೆ ಬರುವುದು 27,520. ಕಂತಿನ ಕೊರತೆ, ಅಪ್ಪ ಅಮ್ಮನ ಔಷಧಿ, ಎಲ್.ಐ.ಸಿ. ಎಲ್ಲ ಸೇರಿ ತಿಂಗಳಿಗೆ 45,000 ಎಂದಾದರೆ ನೋಟ್‌ಬುಕ್‌ನಲ್ಲಿ 450 ಯೂರೊ ಎಂದು ಬರೆಯಿರಿ.

ಹಂತ 5: ಉಳಿದದ್ದನ್ನು ಸೇರಿಸಿ ಕೂಡಿ

ವಿದ್ಯುತ್ 80, ಇಂಟರ್‌ನೆಟ್ ಮತ್ತು ಫೋನ್ 70, ಟಿ.ವಿ. ಇರಲಿ ಬಿಡಲಿ ಪ್ರತಿ ಮನೆಯೂ ಕಟ್ಟಬೇಕಾದ ಪ್ರಸಾರ ಶುಲ್ಕ 18.36, ಇಬ್ಬರ ರೈಲು ಟಿಕೆಟ್ 126, ದಿನಸಿ 750, ಬಟ್ಟೆಬರೆ 150, ಹೊಣೆಗಾರಿಕೆ ವಿಮೆ (ನಮ್ಮಿಂದ ಬೇರೆಯವರಿಗಾದ ನಷ್ಟ ತುಂಬಲು) 10. ಸರ್ಕಾರಿ ಶಾಲೆಗೆ ಶುಲ್ಕವಿಲ್ಲ; ಶಾಲೆಯ ಊಟ, ಶಾಲೆ ಬಿಟ್ಟ ಮೇಲಿನ ಆರೈಕೆ, ಕಿರಿಯ ಮಗುವಿನ ಶಿಶುವಿಹಾರ ಸೇರಿ 250 ಇಡಿ. ಶಿಶುವಿಹಾರದ ಶುಲ್ಕ ಬರ್ಲಿನ್‌ನಲ್ಲಿ ಇಲ್ಲವೇ ಇಲ್ಲ, ಬೇರೆಡೆ ಊರಿಗೊಂದು ರೀತಿ. ಬೆಚ್ಚನೆಯ ಬಾಡಿಗೆ 1,700, ಬಾಕಿಯ ಮೀಸಲು 60, ಊರಿನ 450 ಕೂಡಿದರೆ ಒಟ್ಟು ಸುಮಾರು 3,665. ಸಂಬಳ ಮತ್ತು ಕಿಂಡರ್‌ಗೆಲ್ಟ್ ಸೇರಿ ಬರುವುದು ಸುಮಾರು 4,020. ಉಳಿಯುವುದು 355. ವರ್ಷಕ್ಕೊಮ್ಮೆ ನಾಲ್ವರು ಊರಿಗೆ ಹೋಗಿಬರುವ ವಿಮಾನದ ಖರ್ಚು 3,200 ಎಂದರೆ ಅದಕ್ಕೇ ತಿಂಗಳಿಗೆ 267 ಬೇಕು. 60 ಲಕ್ಷದ ಸಂಬಳದಲ್ಲಿ ತಿಂಗಳ ಉಳಿತಾಯ 90 ಯೂರೊಗಿಂತ ಕಡಿಮೆ! ಸಂಬಳದ ಮಾತುಕತೆಗೆ ಕೂರಬೇಕಾದದ್ದು ಈ ಪುಟವನ್ನು ಎದುರಿಗಿಟ್ಟುಕೊಂಡು, ಸಹಿ ಹಾಕುವ ಮೊದಲು.

ಕಾರನ್ನು ಈ ಪಟ್ಟಿಯಲ್ಲಿ ಬೇಕೆಂದೇ ಸೇರಿಸಿಲ್ಲ. ನಮ್ಮ ಲೈಸೆನ್ಸ್ ಇಲ್ಲಿ ಆರು ತಿಂಗಳು ನಡೆಯುತ್ತದೆ. ಆಮೇಲೆ ಲಿಖಿತ ಪರೀಕ್ಷೆಯನ್ನೂ ಚಾಲನೆಯ ಪರೀಕ್ಷೆಯನ್ನೂ ಹೊಸದಾಗಿ ಪಾಸು ಮಾಡಬೇಕು, ತರಬೇತಿ ಶಾಲೆಯ ಶುಲ್ಕ ಸಾವಿರಗಳ ಲೆಕ್ಕದಲ್ಲಿದೆ. ದಿನಸಿಯಲ್ಲಿ ಸೋನಾ ಮಸೂರಿ ಅಕ್ಕಿ, ತೊಗರಿಬೇಳೆ, ರಾಗಿ ಹಿಟ್ಟಿಗೆ ಮಾತ್ರ ಭಾರತೀಯ ಅಂಗಡಿಗೆ ಹೋಗಿ. ಕಡಲೆಕಾಳು, ಮಸೂರ ಬೇಳೆ, ಕೊತ್ತಂಬರಿ ಸೊಪ್ಪು ಟರ್ಕಿಯವರ ಅಂಗಡಿಯಲ್ಲಿ ಅಗ್ಗ. ದಪ್ಪ ಜಾಕೆಟ್ಟುಗಳನ್ನು ಬೆಂಗಳೂರಿನಲ್ಲಿ ಕೊಳ್ಳಬೇಡಿ, ಅಲ್ಲಿ ಸಿಗುವವು ಜನವರಿಯ ಮ್ಯೂನಿಕ್‌ಗೆ ಸಾಲುವುದಿಲ್ಲ. ಮಕ್ಕಳದನ್ನಂತೂ ಇಲ್ಲಿಯ ಹಳೆ ಸಾಮಾನಿನ ಸಂತೆಯಲ್ಲೇ ಕೊಳ್ಳಿ. ಸೂಟ್‌ಕೇಸಿನಲ್ಲಿ ಆ ಜಾಗಕ್ಕೆ ಕುಕ್ಕರು, ಮಿಕ್ಸಿ (ವೋಲ್ಟೇಜ್ ಒಂದೇ, ಪ್ಲಗ್ಗಿಗೆ ಅಡಾಪ್ಟರ್ ಸಾಕು), ಸಾರಿನ ಪುಡಿ ಇರಲಿ. ತುಪ್ಪ ಮತ್ತು ಧಾರವಾಡ ಪೇಡೆಯನ್ನು ಮಾತ್ರ ತುಂಬಬೇಡಿ. ಹೊರಗಿನ ದೇಶಗಳಿಂದ ಹಾಲಿನ ಪದಾರ್ಥ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ, ಸಿಕ್ಕಿಬಿದ್ದರೆ ಅವು ವಿಮಾನ ನಿಲ್ದಾಣದ ಕಸದ ಬುಟ್ಟಿಗೆ ಹೋಗುತ್ತವೆ.