ಎಡಪುಟದಲ್ಲಿ ಪುಸ್ತಕ, ಬಲಪುಟದಲ್ಲಿ ಮಲ್ಪೆ

ಉಡುಪಿಯ ಒಂದು ಸಹಕಾರಿ ಸಂಘಕ್ಕೆ ನಾನು ಪಿಗ್ಮಿ, ಅಂದರೆ ಜನ ದಿನಾ ಕಟ್ಟುವ ಸಣ್ಣ ಉಳಿತಾಯದ ಹಣ, ಸಂಗ್ರಹಿಸುತ್ತೇನೆ. ಮಲ್ಪೆ ಕಡೆಯ ಲೈನ್ ನನ್ನದು, 11 ವರ್ಷ ಆಯ್ತು. ಮನುಷ್ಯರ ನಡವಳಿಕೆಯ ಪುಸ್ತಕ ಓದುವ ಹುಚ್ಚು ಹಿಡಿದದ್ದು ಈ ಕೆಲಸದಿಂದಲೇ. ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸರು ದಿನಾ ತಪ್ಪದೆ 50 ರೂಪಾಯಿ ಕಟ್ಟುತ್ತಾರೆ. ವ್ಯಾಪಾರ ಜೋರಾಗಿರುವ ಅಂಗಡಿಯವರು "ನಾಳೆ ಬನ್ನಿ" ಅನ್ನುತ್ತಾರೆ. ಯಾಕೆ ಹೀಗೆ ಅಂತ ತಲೆಯಲ್ಲಿ ಕೊರೆಯುತ್ತಿತ್ತು.

ಮೊದಲು ಕೈಗೆ ಸಿಕ್ಕಿದ್ದು ಗ್ರಂಥಾಲಯದಲ್ಲಿದ್ದ ಎಂ. ಶಿವರಾಂ ಅವರ 'ಮನಮಂಥನ'. 'ಕೊರವಂಜಿ' ಹಾಸ್ಯಪತ್ರಿಕೆಯ ರಾಶಿ ಅಂದರೆ ಇವರೇ. ಆಮೇಲೆ ಇಂಗ್ಲಿಷ್ ಪುಸ್ತಕಗಳಿಗೆ ಇಳಿದೆ. ಇಂಗ್ಲಿಷ್ ನನಗೆ ನಿಧಾನ, ದಿನಕ್ಕೆ ನಾಲ್ಕು ಪುಟ ಆದರೆ ಜಾಸ್ತಿ.

ಮೊದಲೆರಡು ವರ್ಷ ಓದಿದ್ದನ್ನೆಲ್ಲ ನಂಬಿದೆ. ಫಾರ್ಮಿನ ಕೊನೆಯಲ್ಲಿ ಸಹಿ ಹಾಕಿಸುವ ಬದಲು ಮೇಲ್ಗಡೆಯೇ ಹಾಕಿಸಿದರೆ ಜನ ಸುಳ್ಳು ಬರೆಯುವುದು ಕಡಿಮೆ ಅಂತ ಓದಿದ್ದೆ. ನಮ್ಮ ಮ್ಯಾನೇಜರಿಗೂ ಹೇಳಿ ಬಂದೆ. ಅದು 2012ರ ಸಂಶೋಧನೆ. ಅದರ ಒಂದು ಪ್ರಯೋಗದ ಅಂಕಿಗಳೇ ಸುಳ್ಳು ಸೃಷ್ಟಿ ಅಂತ ಬಯಲಾಗಿ, 2021ರಲ್ಲಿ ಹಿಂದಕ್ಕೆ ಪಡೆದರು. ಅದು ತಿಳಿದ ದಿನ ನಿದ್ದೆ ಬರಲಿಲ್ಲ. ಮರುದಿನ ಒಂದು 200 ಪುಟದ ನೋಟ್‌ಬುಕ್ ತಂದೆ.

ಎಡಪುಟದಲ್ಲಿ ಪುಸ್ತಕ ಏನು ಹೇಳುತ್ತದೆ ಅಂತ ಬರೆಯುವುದು. ಯಾರ ಮೇಲೆ ಪ್ರಯೋಗ ಮಾಡಿದರು, ಎಷ್ಟು ಜನ, ಯಾವ ಊರು, ಅದೂ ಬೇಕು. ಎಲ್ಲ ಕನ್ನಡದಲ್ಲಿ, ನನ್ನ ಮಾತಲ್ಲಿ. ಕನ್ನಡದಲ್ಲಿ ಹೇಳಲು ಬರಲಿಲ್ಲ ಅಂದರೆ ನನಗೆ ಅರ್ಥ ಆಗಿಲ್ಲ ಅಂತಲೇ ಲೆಕ್ಕ. ಬಲಪುಟ ಖಾಲಿ. ನನ್ನ ಲೈನಿನಲ್ಲಿ ಕಣ್ಣಾರೆ ಕಂಡದ್ದು ಮಾತ್ರ ಅಲ್ಲಿಗೆ. ಕೆಲವು ಪುಟ ವರ್ಷಗಟ್ಟಲೆ ಖಾಲಿ ಉಳಿದದ್ದು ಉಂಟು.

ಒಂದು ಬಲಪುಟ ಈಗಲೂ ಓದಲು ಕಷ್ಟ ಆಗುತ್ತದೆ. ಬೇರೆಯವರು ಮಾಡುತ್ತಿದ್ದಾರೆ ಅಂದರೆ ನಾವೂ ಮಾಡುತ್ತೇವೆ ಅಂತ ಓದಿದ್ದೆ. ಮೀನು ಮಾರುವ ಒಬ್ಬ ಅಕ್ಕನಿಗೆ ಹೇಳಿದೆ: "ಈ ಸಾಲಲ್ಲಿ ಎಲ್ಲರೂ ಕಟ್ಟಿದ್ರು ಅಕ್ಕ, ನೀವೊಬ್ರೇ ಬಾಕಿ." ಅವರು ಮಾತಾಡಲಿಲ್ಲ. ಬುಟ್ಟಿಯ ಮೇಲೆ ಗೋಣಿ ಎಳೆದು ಮುಖ ತಿರುಗಿಸಿದರು. ಎಂಟು ದಿನ ನನ್ನ ಹತ್ತಿರ ಮಾತಿಲ್ಲ. ಅದು ಜುಲೈ ತಿಂಗಳು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನಿಲ್ಲದ ದಿನಗಳಲ್ಲಿ ನಾನು ನಾಲ್ಕು ಜನರ ಎದುರು ಅವರ ಮಾನ ತೆಗೆದೆ.

ಮುಂದಿನ ಮಳೆಗಾಲಕ್ಕೆ ಮುಲ್ಲೈನಾಥನ್ ಮತ್ತು ಶಫೀರ್ ಬರೆದ 2013ರ ಪುಸ್ತಕ ಸಿಕ್ಕಿತು. ಹೆಸರು 'ಸ್ಕೇರ್ಸಿಟಿ'. ನನ್ನ ನೋಟ್‌ಬುಕ್ಕಿನಲ್ಲಿ ಅದಕ್ಕೆ 'ಕೈ ಬಿಗಿ' ಅಂತ ಹೆಸರಿಟ್ಟೆ. ತಮಿಳುನಾಡಿನ ಕಬ್ಬು ಬೆಳೆಗಾರರಿಗೆ ಕಟಾವಿನ ಮೊದಲು ಒಮ್ಮೆ, ಹಣ ಬಂದ ಮೇಲೆ ಒಮ್ಮೆ ಬುದ್ಧಿಗೆ ಕೆಲಸ ಕೊಡುವ ಪರೀಕ್ಷೆ ಮಾಡಿದರಂತೆ. ಅದೇ ರೈತ, ಅದೇ ತಲೆ, ಆದರೆ ಕೈಯಲ್ಲಿ ಹಣ ಇದ್ದಾಗ ಚೆನ್ನಾಗಿ ಮಾಡಿದ. ಎಡಪುಟ ತುಂಬಿಸುವಾಗಲೇ ಅಕ್ಕನ ಮುಖ ಕಣ್ಣ ಮುಂದೆ ಬಂತು.

ಇನ್ನೊಂದು ಪ್ರಯೋಗ ನನ್ನ ಕೆಲಸವನ್ನೇ ಬದಲಾಯಿಸಿತು. ಅಮೆರಿಕದಲ್ಲಿ 3ರಿಂದ 5 ವರ್ಷದ 28 ಮಕ್ಕಳು. ಈಗಲೇ ಒಂದು ಮಿಠಾಯಿ, ಕಾದರೆ ಎರಡು. ಅದಕ್ಕೂ ಮೊದಲು ತಮಗೆ ಹೇಳಿದ ಮಾತು ಉಳಿಸಿಕೊಂಡ ದೊಡ್ಡವರನ್ನು ನಂಬಿ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರ ಎದುರು ಬರೀ 3 ನಿಮಿಷ. ತಾಳ್ಮೆ ಮಗುವಿನ ಗುಣ ಮಾತ್ರ ಅಲ್ಲ, ಎದುರಿಗಿರುವವರ ಮೇಲಿನ ನಂಬಿಕೆಯೂ ಹೌದು. ಪಿಗ್ಮಿಯೂ ಹೀಗೇ ಅಲ್ವಾ? 1928ರಲ್ಲಿ ಟಿ.ಎಂ.ಎ. ಪೈಯವರು ನಮ್ಮ ಉಡುಪಿಯಲ್ಲಿ ಇದನ್ನು ಶುರು ಮಾಡಿದಾಗ ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು. ಆದರೆ ತೆಗೆದುಕೊಳ್ಳುವವರು ಮನೆ ಬಾಗಿಲಿಗೆ ದಿನಾ ಬರಬೇಕಿತ್ತು. ಆ ಪ್ರಯೋಗ ಓದಿದಂದಿನಿಂದ ನಾನು ಹೊತ್ತು ತಪ್ಪಿಸುವುದಿಲ್ಲ. ಜ್ವರ ಬಂದರೆ ಹಿಂದಿನ ರಾತ್ರಿಯೇ ಫೋನ್ ಮಾಡುತ್ತೇನೆ. "ಬಾಕಿ" ಅನ್ನುವ ಮಾತು ಜೂನ್, ಜುಲೈಯಲ್ಲಿ ನನ್ನ ಬಾಯಿಂದ ಬರುವುದೇ ಇಲ್ಲ.

ಕಳೆದ ಆಗಸ್ಟಿನಲ್ಲಿ ಅದೇ ಅಕ್ಕ ಕೇಳಿದರು, "ಆ ಪುಸ್ತಕದಲ್ಲಿ ಎಂತ ಬರಿತೀ? ನನ್ನದೂ ಉಂಟಾ?" ಉಂಟು ಅಂದೆ. ಅವರ ಪುಟವನ್ನು ತುಳುವಿನಲ್ಲಿ ಓದಿ ಹೇಳಿದೆ. ಕೈ ಬಿಗಿ ಇದ್ದಾಗ ತಲೆ ಓಡುವುದಿಲ್ಲ ಅನ್ನುವಲ್ಲಿ ಅವರು ತಡೆದರು. "ಹಾಗೆ ಬರೀಬೇಡ. ತಲೆ ಓಡ್ತದೆ. ಅಕ್ಕಿ, ಮಗಳ ಫೀಸು, ಸಂಘದ ಸಾಲ, ಇಷ್ಟರಲ್ಲೇ ಓಡ್ತಾ ಇರ್ತದೆ. ಬೇರೆ ಕಡೆಗೆ ಬಿಡುವುದಿಲ್ಲ, ಅಷ್ಟೆ."

ಅಲ್ಲೇ ಕಟ್ಟೆಯ ಮೇಲೆ ಕೂತು ತಿದ್ದಿದೆ. ಅವರು ಕೈ ಒರೆಸಿಕೊಂಡು 50 ರೂಪಾಯಿ ಕೊಟ್ಟರು. ಮೆಷಿನಿನಿಂದ ರಶೀದಿ ಹರಿದು ಕೊಟ್ಟು, ಮುಂದಿನ ಮನೆಗೆ ನಡೆದೆ.