ಮಕ್ಕಳೊಂದಿಗೆ ಮನೆ ಬದಲಿಸುವಾಗ: ಸಿದ್ಧತೆ ಎಲ್ಲಿಂದ ಆರಂಭಿಸಬೇಕು?

ಮನೆ ಬದಲಿಸುವ ನಿರ್ಧಾರವನ್ನು ತೆಗೆದುಕೊಳ್ಳುವವರು ದೊಡ್ಡವರು. ಜಾಗ, ಖರ್ಚು, ಕೆಲಸಕ್ಕೆ ಹೋಗುವ ದೂರ ಎಲ್ಲವನ್ನೂ ಅಳೆದು ಸುರಿದು ಹೊರಡುವ ಅವರ ಕಣ್ಣಿಗೆ ಹೊಸ ಮನೆಯ ಅನುಕೂಲಗಳು ಕಾಣುತ್ತಿದ್ದರೆ, ಮಗುವಿಗೆ ಕಾಣುವುದು ಕೈತಪ್ಪಿ ಹೋಗುವ ಸಂಗತಿಗಳು: ಸಂಜೆ ಆಡುವ ಜೊತೆಗಾರರು, ಮಲಗುವ ಮೂಲೆ, ನಡುರಾತ್ರಿ ಎದ್ದರೂ ತಡಕಾಡದೆ ಬಚ್ಚಲಿಗೆ ಹೋಗಿಬರಬಲ್ಲ ದಾರಿ. ಆದ್ದರಿಂದ ಹೊಸ ಮನೆಯನ್ನು ಹೊಗಳಿ ಮಗುವನ್ನು ಒಪ್ಪಿಸುವುದಕ್ಕಿಂತ, ಅದರ ದಿನಚರಿಯಲ್ಲಿ ಏನೇನನ್ನು ಹಾಗೆಯೇ ಉಳಿಸಿಕೊಡಬಹುದು ಎಂದು ಯೋಚಿಸುವುದು ಹೆಚ್ಚು ಫಲಕಾರಿ.

ಮೊದಲ ಹೆಜ್ಜೆ, ವಿಷಯ ತಿಳಿಸುವುದು

ಎಷ್ಟು ಮುಂಚೆ ಹೇಳಬೇಕೆಂಬುದನ್ನು ವಯಸ್ಸು ನೋಡಿ ನಿರ್ಧರಿಸಬೇಕು. ಎರಡು ಮೂರು ವರ್ಷದ ಮಗುವಿಗೆ ‘ಮುಂದಿನ ತಿಂಗಳು’ ಎಂದರೆ ಏನೂ ಅರ್ಥವಾಗದು. ಒಂದೆರಡು ವಾರ ಮೊದಲು ಸರಳವಾಗಿ ಹೇಳಿ, ಮತ್ತೆ ಮತ್ತೆ ನೆನಪಿಸಿದರೆ ಸಾಕು. ಶಾಲೆಗೆ ಹೋಗುವ ಮಕ್ಕಳಿಗೆ ಕನಿಷ್ಠ ಒಂದು ತಿಂಗಳಾದರೂ ಬೇಕು. ಹದಿಹರೆಯದವರಿಗೆ ನಿರ್ಧಾರ ಗಟ್ಟಿಯಾಗುವ ಹಂತದಲ್ಲೇ ತಿಳಿಸುವುದು ಒಳ್ಳೆಯದು, ಏಕೆಂದರೆ ಈ ವಯಸ್ಸಿನಲ್ಲಿ ಗೆಳೆತನವೇ ಬದುಕಿನ ಬಹುಭಾಗವಾಗಿರುತ್ತದೆ ಮತ್ತು ತಮ್ಮನ್ನು ಕೇಳದೆ ಎಲ್ಲವೂ ತೀರ್ಮಾನವಾಯಿತೆಂಬ ಸಿಟ್ಟು ಬಹುಕಾಲ ಉಳಿಯುತ್ತದೆ. ಯಾವ ವಯಸ್ಸಿನವರೇ ಆಗಲಿ, ಬೇರೆಯವರ ಬಾಯಿಂದ ಸುದ್ದಿ ಕೇಳುವಂತಾಗಬಾರದು.

ಮಗು ಅತ್ತರೆ ‘ಅಲ್ಲಿ ಎಲ್ಲವೂ ಇದಕ್ಕಿಂತ ಚೆನ್ನಾಗಿರುತ್ತದೆ’ ಎಂದು ಬಾಯಿ ಮುಚ್ಚಿಸಬೇಡಿ. ಬೇಸರವಾಗುವುದು ಸಹಜವೆಂದು ಒಪ್ಪಿಕೊಂಡು, ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ ಎಂಬುದನ್ನು ಬಿಡಿಸಿ ಹೇಳಿ. ಚಿಕ್ಕ ಮಕ್ಕಳು ತಮ್ಮ ಆಟಿಕೆಗಳೂ ಮಂಚವೂ ಹಳೆಯ ಮನೆಯಲ್ಲೇ ಉಳಿದುಬಿಡುತ್ತವೆಂದು ಭಾವಿಸುವುದುಂಟು. ಅವೆಲ್ಲ ಜೊತೆಯಲ್ಲೇ ಬರುತ್ತವೆಂಬ ಒಂದು ಮಾತು ಅರ್ಧ ಭಯವನ್ನು ಇಳಿಸುತ್ತದೆ. ಈಡೇರಿಸಲಾಗದ ಭರವಸೆಯನ್ನಂತೂ ಕೊಡಲೇಬಾರದು.

ಎರಡನೆಯದು, ಹೊಸ ಮನೆಯ ಸುರಕ್ಷತೆ

ಸಾಮಾನು ಸಾಗಿಸುವ ಮೊದಲು ಖಾಲಿ ಮನೆಯನ್ನು ಒಮ್ಮೆ ನೆಲದ ಮೇಲೆ ಕುಳಿತು, ಮಗುವಿನ ಎತ್ತರದಿಂದ ನೋಡಿ. ನಿಂತಾಗ ಕಾಣದ ಅನೇಕ ಸಂಗತಿಗಳು ಆಗ ಕಾಣುತ್ತವೆ: ಕೈಗೆಟುಕುವ ಪ್ಲಗ್ ರಂಧ್ರಗಳು, ನೇತಾಡುವ ಪರದೆಯ ಹಗ್ಗ, ಸಿಂಕಿನ ಕೆಳಗೆ ಹಿಂದಿನವರು ಬಿಟ್ಟುಹೋದ ಕೀಟನಾಶಕ ಅಥವಾ ಶೌಚಾಲಯ ತೊಳೆಯುವ ದ್ರಾವಣದ ಬಾಟಲಿ. ಬಾಲ್ಕನಿ ಮತ್ತು ಮೆಟ್ಟಿಲ ಕಟಕಟೆಯ ಸರಳುಗಳ ನಡುವಿನ ಅಂತರ 10 ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಪುಟ್ಟ ಮಗು ನುಸುಳಿಬಿಡಬಹುದು. ಕಿಟಕಿಯ ಸೊಳ್ಳೆಪರದೆ ಮಗುವಿನ ಭಾರವನ್ನು ತಡೆಯುವುದಿಲ್ಲ. ಮೇಲಿನ ಅಂತಸ್ತಾದರೆ ಗಟ್ಟಿಯಾದ ಸರಳು ಅಥವಾ ತಡೆ ಇರಲೇಬೇಕು, ಕಿಟಕಿಯ ಕೆಳಗೆ ಹತ್ತಲು ಬರುವಂಥ ಕುರ್ಚಿ, ಮಂಚ, ಪೆಟ್ಟಿಗೆ ಯಾವುದೂ ಇರಬಾರದು.

ನೀರು ಕಾಯಿಸುವ ಯಂತ್ರದ ಉಷ್ಣತೆಯನ್ನು ಮರೆಯುವವರೇ ಹೆಚ್ಚು. 60 ಡಿಗ್ರಿ ಸೆಲ್ಸಿಯಸ್ ನೀರು ಕೆಲವೇ ಸೆಕೆಂಡುಗಳಲ್ಲಿ ಮಗುವಿನ ಚರ್ಮವನ್ನು ತೀವ್ರವಾಗಿ ಸುಡಬಲ್ಲದು. ನಲ್ಲಿಗೆ ಬರುವ ನೀರು 49 ಡಿಗ್ರಿ ಮೀರದಂತೆ ನೋಡಿಕೊಳ್ಳಬೇಕು. ಹೊಸ ಬಚ್ಚಲಿನಲ್ಲಿ ಬಿಸಿನೀರಿನ ನಲ್ಲಿ ಯಾವ ಬದಿಗಿದೆ ಎಂಬುದನ್ನು ಮಗುವಿಗೆ ತೋರಿಸಿಕೊಡಿ, ಹಳೆಯ ಅಭ್ಯಾಸದಿಂದ ಕೈ ತಾನಾಗಿಯೇ ತಪ್ಪು ನಲ್ಲಿಯತ್ತ ಹೋಗುತ್ತದೆ. ಇನ್ನು ಕಪಾಟು, ಡ್ರಾಯರ್, ಟಿ.ವಿ.ಗಳನ್ನು ಗೋಡೆಗೆ ಬಿಗಿಯುವ ಕೆಲಸವನ್ನು ಮುಂದಿನ ವಾರಕ್ಕೆಂದು ತಳ್ಳಬಾರದು. ಎಳೆದಿಟ್ಟ ಡ್ರಾಯರುಗಳು ಮಗುವಿಗೆ ಮೆಟ್ಟಿಲಿನಂತೆ ಕಾಣುತ್ತವೆ, ಹತ್ತಿದರೆ ಇಡೀ ಕಪಾಟೇ ಮೇಲೆ ಬೀಳುತ್ತದೆ.

ಮೂರನೆಯದು, ಕಟ್ಟುವುದು ಮತ್ತು ಬಿಚ್ಚುವುದು

ಮಕ್ಕಳ ಸಾಮಾನನ್ನು ಕೊನೆಯಲ್ಲಿ ಕಟ್ಟಿ, ಹೊಸ ಮನೆಯಲ್ಲಿ ಮೊದಲು ಬಿಚ್ಚಬೇಕು. ನಾಲ್ಕೈದು ವರ್ಷ ದಾಟಿದವರು ತಮ್ಮದೊಂದು ಪೆಟ್ಟಿಗೆಯನ್ನು ತಾವೇ ತುಂಬಿ, ಅದರ ಮೇಲೆ ಚಿತ್ರ ಬರೆಯಲಿ. ಬೇಡವಾದ ಆಟಿಕೆಗಳನ್ನು ಕದ್ದುಮುಚ್ಚಿ ಎಸೆಯಲು ಇದು ಸಮಯವಲ್ಲ. ಮನೆಯನ್ನೇ ಬಿಡುತ್ತಿರುವ ಮಗುವಿಗೆ ಕಾಲು ಮುರಿದ ಗೊಂಬೆಯೂ ಆಸರೆಯಾಗಬಹುದು. ಮಗು ಹೊದೆಯುವ ಹೊದಿಕೆಯನ್ನು ಹೊರಡುವ ಮುನ್ನ ಒಗೆಯದೆ ಇದ್ದರೆ ಪರಿಚಿತ ವಾಸನೆ ಮೊದಲ ರಾತ್ರಿಯ ನಿದ್ದೆಗೆ ನೆರವಾಗುತ್ತದೆ.

ಹೊದಿಕೆ, ಮೆಚ್ಚಿನ ಗೊಂಬೆ, ಎರಡು ಜೊತೆ ಬಟ್ಟೆ, ಔಷಧಿ, ಕುಡಿಯುವ ನೀರು, ಶಾಲೆಯ ವರ್ಗಾವಣೆ ಪತ್ರ, ಲಸಿಕೆಯ ದಾಖಲೆ ಇವು ಲಾರಿಗೆ ಹೋಗದೆ ನಿಮ್ಮ ಕೈಚೀಲದಲ್ಲೇ ಇರಲಿ. ಸಾಗಿಸುವ ದಿನ ತೆರೆದ ಬಾಗಿಲು, ಭಾರ ಹೊತ್ತು ಓಡಾಡುವ ಜನ, ಹಿಂದಕ್ಕೆ ಚಲಿಸುವ ವಾಹನ ಎಲ್ಲವೂ ಸೇರಿರುವುದರಿಂದ, ಮಗುವನ್ನು ನೋಡಿಕೊಳ್ಳುವುದಕ್ಕೆಂದೇ ಒಬ್ಬರು ಇರಬೇಕು.

ನಾಲ್ಕನೆಯದು, ಮೊದಲ ಕೆಲವು ವಾರಗಳು

ಮೊದಲ ಸಂಜೆ ಅಡುಗೆಮನೆ ಅಸ್ತವ್ಯಸ್ತವಾಗಿದ್ದರೂ ಚಿಂತೆಯಿಲ್ಲ, ಮಗುವಿನ ಹಾಸಿಗೆ ಸಿದ್ಧವಾಗಿರಲಿ. ಸಾಧ್ಯವಾದರೆ ಹಳೆಯ ಕೋಣೆಯಲ್ಲಿದ್ದ ಹಾಗೆಯೇ ಮಂಚವನ್ನು ಗೋಡೆಗೆ ಸೇರಿಸಿ, ಹಾಸಿಗೆಯಿಂದ ಬಚ್ಚಲವರೆಗಿನ ದಾರಿಯನ್ನು ದೀಪ ಆರಿಸಿ, ಕೈಹಿಡಿದು ಒಂದೆರಡು ಸಲ ನಡೆಸಿ, ಬಳಿಕ ಮಂದ ದೀಪವೊಂದನ್ನು ಉರಿಯಲು ಬಿಡಿ. ಮಲಗುವ ಹೊತ್ತು, ಕತೆ ಹೇಳುವ ಕ್ರಮ ಎಂದಿನಂತೆಯೇ ಇರಲಿ. ಹಾಲು ಬಿಡಿಸುವುದು, ಶೌಚದ ಅಭ್ಯಾಸ ಮಾಡಿಸುವುದು, ಮೊದಲ ಬಾರಿಗೆ ಬೇರೆ ಮಲಗಿಸುವುದು ಇಂಥ ಬದಲಾವಣೆಗಳನ್ನು ಮಗು ಒಗ್ಗಿಕೊಳ್ಳುವವರೆಗೆ ಮುಂದೂಡುವುದು ಲೇಸು.

ಬಿಟ್ಟುಹೋಗಿದ್ದ ಬೆರಳು ಚೀಪುವ ಚಟ ಮರಳುವುದು, ಹಾಸಿಗೆ ಒದ್ದೆಯಾಗುವುದು, ಸೆರಗು ಹಿಡಿದು ಬಿಡದಿರುವುದು ಈ ಅವಧಿಯಲ್ಲಿ ಸಾಮಾನ್ಯ; ಗದರಿದರೆ ಹೆಚ್ಚುತ್ತದೆ, ಗಮನ ಕೊಟ್ಟು ಸಮಾಧಾನಪಡಿಸಿದರೆ ಕ್ರಮೇಣ ಇಳಿಯುತ್ತದೆ. ದೊಡ್ಡ ಮಕ್ಕಳಿಗೆ ಹಳೆಯ ಗೆಳೆಯರ ಜೊತೆ ಮಾತಾಡಲು ಸಮಯ ಮಾಡಿಕೊಡಿ. ಅದರಿಂದ ಹೊಸ ಗೆಳೆತನಕ್ಕೆ ಅಡ್ಡಿಯಾಗುತ್ತದೆಂಬ ಅಂಜಿಕೆ ಬೇಡ. ಹೊಸ ಶಾಲೆಯ ಶಿಕ್ಷಕರಿಗೆ ಮನೆ ಬದಲಾದ ಸಂಗತಿಯನ್ನು ಮೊದಲೇ ತಿಳಿಸಿದರೆ ಜೊತೆಗೊಬ್ಬ ಸಹಪಾಠಿಯನ್ನು ಅವರೇ ಹೊಂದಿಸಿಕೊಡಬಹುದು. ತಿಂಗಳುಗಳು ಕಳೆದರೂ ನಿದ್ದೆ, ಊಟ ಸರಿಹೋಗದೆ, ಮಗು ಆಟವನ್ನೂ ಒಡನಾಟವನ್ನೂ ಬಿಟ್ಟು ಮಂಕಾಗಿದ್ದರೆ, ತಾನಾಗಿ ಸರಿಹೋಗಲೆಂದು ಕಾಯದೆ ಮಕ್ಕಳ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಬೇಕು.